ಹಾಸ್ಟೆಲ್ ತಾಲೀಮು

ಮನೋಜ ಬಾಳೆಹಣ್ಣನ್ನು ಅಪ್ಪನ ಮೂಗಿನ ಮುಂದೆ ಹಿಡಿದು "ಸುಲಿದುಕೊಡು" ಎಂದ. ಅನಾಹುತ ಶುರುವಾದದ್ದು ಅಲ್ಲಿಂದ.

ಹುಡುಗನಿಗೆ ಹನ್ನೊಂದು ವರ್ಷ. ಮುಂದಿನ ವಾರ ಕನಕಪುರ ರಸ್ತೆಯಾಚೆಯ ವಸತಿಶಾಲೆಗೆ ಸೇರುವವನು. ಈ ಸುದ್ದಿಯನ್ನು ಅಪ್ಪ ಕೆಂಪರಾಜು ಜರಗನಹಳ್ಳಿಯ ಹಾಲಿನ ಬೂತಿನಿಂದ ಹಿಡಿದು ತನ್ನ ಮೂರಂತಸ್ತಿನ ಬಾಡಿಗೆದಾರರವರೆಗೆ ಹಂಚಿಯಾಗಿತ್ತು. ಹುಳಿಮಾವಿನ ಷಡ್ಡಕನ ಮಗ ಹೀಗೇ ಹಾಸ್ಟೆಲಿಗೆ ಹೋಗಿ ಮೂರೇ ದಿನಕ್ಕೆ ವಾಪಸಾದಾಗ, ನೆಂಟರ ಮುಂದೆ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಈಗ ತನ್ನ ಮಗನೂ ಟ್ರಂಕು ಹೊತ್ತು ವಾಪಸ್ ಬಂದರೆ ಆ ನಗು ಬಡ್ಡಿ ಸಮೇತ ಹಿಂದಿರುಗುವುದು ಖಂಡಿತ.

"ಇವತ್ತು ಇದು ಮನೆಯಲ್ಲ, ಹಾಸ್ಟೆಲ್ಲು" ಎಂದು ಕೆಂಪರಾಜು ಘೋಷಿಸಿದ. "ಸಂಜೆವರೆಗೂ ತಾಲೀಮು. ನಿನ್ ಕೆಲಸ ನೀನೇ ಮಾಡ್ಕೋಬೇಕು."

"ಒಬ್ಬನೇ ಇರಕ್ಕೆ ಅದೇನು ಜೈಲಾ? ರೂಮ್‌ಮೇಟ್ ಬೇಕು. ನೀನೂ ಬಾ" ಎಂದ ಮನೋಜ.

"ನ್ಯಾಯವಾಗೇ ಕೇಳ್ತಿದಾನೆ" ಎಂದಳು ಹೆಂಡತಿ ದಿವ್ಯ, ಟ್ರಂಕಿಗೆಂದು ಕರಿಯುತ್ತಿದ್ದ ಕೋಡುಬಳೆಯಿಂದ ಕಣ್ಣೆತ್ತದೆ.

ವಾರ್ಡನ್ ಕೆಲಸಕ್ಕೆ ಎರಡನೇ ಮಹಡಿಯ ಬಾಡಿಗೆದಾರ ಮೌನೇಶನನ್ನು ಕರೆಸಿದರು. ಕೊಪ್ಪಳದ ಕಡೆಯವನು, ಐದನೇ ಕ್ಲಾಸಿನಿಂದ ಡಿಗ್ರಿಯವರೆಗೂ ಹಾಸ್ಟೆಲ್ ಅನ್ನ ತಿಂದವನು.

"ನಾ ವಾರ್ಡನ್ ಆದ್ರ ಅರ್ಧಮರ್ಧ ಆಗಂಗಿಲ್ರೀ ಸಾರ್. ಆಮ್ಯಾಲ ಸಿಟ್ಟಾಗಬ್ಯಾಡ್ರಿ."

"ಸಿಟ್ಟೇನ್ರೀ, ಸ್ಟ್ರಿಕ್ಟಾಗೇ ಇರಿ" ಎಂದು ಕೆಂಪರಾಜು ಮನೆ ಓನರನ ಔದಾರ್ಯದಿಂದ ಅಪ್ಪಣೆ ಕೊಟ್ಟ.

ಮೌನೇಶ ತಟ್ಟೆಗೆ ಸೌಟಿನಿಂದ ಬಾರಿಸಿದ. ಸಜ್ಜೆಯ ಮೇಲಿನ ಪಾರಿವಾಳಗಳೆಲ್ಲ ಎದ್ದುಹೋದವು.

ಮೊದಲು ಸ್ನಾನ. ಕೆಂಪರಾಜು ಗೀಸರಿನ ಸ್ವಿಚ್ಚಿಗೆ ಕೈ ಹಾಕಿದ.

"ಬಿಸಿನೀರಿಗೆ ಇದೇನು ಬೀಗರ ಮನಿ ಏನ್ರೀ? ತಣ್ಣೀರು, ಒಂದಾ ಬಕೆಟ್ಟು."

"ಒಂದು ಬಕೆಟ್ ಎಲ್ಲಿಗೆ ಸಾಕು?"

"ಹೆಚ್ಚಿಗಿ ನೀರು ಕೇಳಬ್ಯಾಡ್ರಿ ಅಂತ ಮೆಟ್ಟಿಲ ಗ್ವಾಡಿಗೆ ನೀವಾ ಬರಸೀರಲ್ರೀ ಸಾರ್."

ಕೆಂಪರಾಜು ವೈಬ್ರೇಟಿಗೆ ಹಾಕಿದ ಮೊಬೈಲಿನ ಹಾಗೆ ನಡುಗುತ್ತ ಹೊರಬಂದ. ಸ್ನಾನವೆಂದರೆ ಮೊದಲೇ ಅಷ್ಟಕ್ಕಷ್ಟೇ ಆದ ಮನೋಜನಿಗೆ ತನ್ನ ಪಾಲಿನ ಬಕೆಟ್ಟಿನಲ್ಲಿ ಇನ್ನೂ ಅರ್ಧ ನೀರು ಮಿಕ್ಕಿತ್ತು.

ಆಮೇಲೆ ಟೆರೇಸಿನಲ್ಲಿ ಒಳಬಟ್ಟೆ ಒಗೆಯುವುದು. ಮನೋಜ ತನ್ನ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕಾಲಲ್ಲಿ ತುಳಿದು ಮುಗಿಸಿದ. ಕೆಂಪರಾಜು ಕುಕ್ಕರಗಾಲಲ್ಲಿ ಕೂತು ಬನೀನಿನೊಂದಿಗೆ ಹೋರಾಡುತ್ತಿದ್ದಾಗ ಎದುರು ಟೆರೇಸಿನಲ್ಲಿ ಶಾಂತಾದೇವಿ ಪ್ರತ್ಯಕ್ಷರಾದರು. ಆ ಬೀದಿಯಲ್ಲಿ ಅವರಿಗೆ ತಿಳಿಯದೆ ಹಾಲು ಉಕ್ಕಿದ್ದೂ ಇಲ್ಲ.

"ಯಾಕಪ್ಪ ಕೆಂಪರಾಜು, ದಿವ್ಯಾಗೆ ಹುಷಾರಿಲ್ವಾ?"

"ಹಾಸ್ಟೆಲಿಗೆ ತಾಲೀಮು ಆಂಟಿ."

"ಈ ವಯಸ್ಸಲ್ಲಿ ನಿಂಗೆ ಯಾಕಪ್ಪ ಹಾಸ್ಟೆಲ್ಲು? ಹೋಗ್ಲಿ, ಆ ಕಂಕುಳ ಹತ್ರ ಇನ್ನೊಂಚೂರು ತಿಕ್ಕು."

ಅಕ್ಕಪಕ್ಕದ ಟೆರೇಸುಗಳೂ ಒಂದೊಂದಾಗಿ ತುಂಬಿದವು. ಒಬ್ಬರು ಸೋಪು ಜಾಸ್ತಿಯಾಯಿತೆಂದರು, ಇನ್ನೊಬ್ಬರು ಹಿಂಡುವ ಕ್ರಮ ಸರಿಯಿಲ್ಲವೆಂದರು.

ತಿಂಡಿಗೆ ತಟ್ಟೆ ಹಿಡಿದು ಸಾಲು. ಒಬ್ಬರಿಗೆ ಒಂದು ಸೌಟು ಉಪ್ಪಿಟ್ಟು.

"ಇನ್ನೊಂದು ಸೌಟು ಹಾಕೇ ದಿವ್ಯಾ."

"ಎಲ್ಲಾರದೂ ಆದಮ್ಯಾಲ ಉಳಿದ್ರ ಹಾಕ್ತಾರ" ಎಂದ ಮೌನೇಶ.

"ಎಲ್ಲಾರೂ ಅಂದ್ರೆ ನಾವಿಬ್ಬರೇ ಅಲ್ವೇನ್ರೀ?"

"ಸಾಲಿನ್ಯಾಗ ಮಾತಾಡಬ್ಯಾಡ್ರಿ."

ಮನೋಜ ಮಾತ್ರ ಹೆತ್ತ ತಾಯಿಯ ಮುಂದೆ ತಟ್ಟೆ ಚಾಚಿ, "ಉಪ್ಪಿಟ್ಟು ಸಖತ್ತಾಗಿದೆ ಮೆಸ್ ಆಂಟಿ" ಎಂದ. ಅವನಿಗೆ ಎರಡು ಸೌಟು ಬಿತ್ತು.

ಹಸಿವು ತಡೆಯದೆ ಕೆಂಪರಾಜು ತನ್ನದೇ ಅಡುಗೆಮನೆಗೆ ಬೆಕ್ಕಿನ ಹೆಜ್ಜೆಯಲ್ಲಿ ನುಗ್ಗಿ ಕೋಡುಬಳೆ ಕದ್ದ. ಕದ್ದದ್ದು ಯಾರಿಗೂ ಕಾಣಲಿಲ್ಲ, ಕಡಿದದ್ದು ಎಲ್ಲರಿಗೂ ಕೇಳಿಸಿತು. ಖಾಲಿ ತಟ್ಟೆ ಹಿಡಿದು ಗೇಟಿನ ಹೊರಗೆ ನಿಲ್ಲಬೇಕೆಂದು ವಾರ್ಡನ್ ಶಿಕ್ಷೆ ವಿಧಿಸಿದ.

ಹಾಗೆ ನಿಂತಿದ್ದಾಗಲೇ ಸ್ಕೂಟರೊಂದು ಬಂದು ನಿಂತಿತು. ಕೈಮಗ್ಗದ ಸೀರೆಯ ಹೆಂಗಸು ಇಳಿದು ಹೆಲ್ಮೆಟ್ ತೆಗೆದರು.

"ನಾನು ಚೂಡಾಮಣಿ, ಮನೋಜನ ಸ್ಕೂಲಿಂದ. ಹೊಸ ಮಕ್ಕಳ ಮನೇನ ಒಂದ್ಸಲ ನೋಡ್ಕೊಂಡು ಹೋಗ್ತೀವಿ. ನೀವು?"

ಬಾಯಿತುಂಬ ಕೋಡುಬಳೆಯಿದ್ದ ಕೆಂಪರಾಜುವಿನ ತಲೆ ಓಡಲಿಲ್ಲ. "ಮನೋಜನ ರೂಮ್‌ಮೇಟು ಮೇಡಂ."

ಒಳಗೆ ಕೂತು ಚೂಡಾಮಣಿ ಎಲ್ಲವನ್ನೂ ಕೇಳಿಸಿಕೊಂಡರು. "ಸಾರ್, ನಮ್ಮಲ್ಲಿ ಬೆಲ್ ಇಲ್ಲ, ವಾರ್ಡನ್ ಇಲ್ಲ, ಶಿಕ್ಷೆ ಇಲ್ಲ. ಬಿಸಿನೀರು ಇದೆ" ಎಂದರು. ಮೌನೇಶನ ಮುಖ ಸಪ್ಪಗಾಯಿತು.

ಅವರು ಹುಡುಗನ ಕಡೆ ತಿರುಗಿದರು. "ಅಲ್ಲಿ ಬಂದು ಹೊಂದ್ಕೊಳ್ತೀಯಾ ಪುಟ್ಟ?"

"ನಂದೇನಿಲ್ಲ ಆಂಟಿ. ಅಪ್ಪಂದೇ ಕಷ್ಟ. ಬೆಳಿಗ್ಗೆಯಿಂದ ಒಂದು ರೂಲ್ಸೂ ಫಾಲೋ ಮಾಡಿಲ್ಲ."

"ಹುಡುಗನ ಬಗ್ಗೆ ನಮಗೆ ಯೋಚನೆಯಿಲ್ಲ" ಎಂದರು ಚೂಡಾಮಣಿ. ಕೆಂಪರಾಜುವಿನ ಎದೆ ಉಬ್ಬಿತು. ಹುಳಿಮಾವಿಗೆ ಮೊದಲು ಫೋನು ಮಾಡಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ.

"ಮಕ್ಕಳು ಅರ್ಧಕ್ಕೇ ವಾಪಸ್ ಹೋಗೋದು ಮಕ್ಕಳಿಂದ ಅಲ್ಲ ಸಾರ್, ಹೆದರಿದ ಅಪ್ಪಂದಿರಿಂದ. ಅಂಥವರು ಮೊದಲ ಒಂದು ತಿಂಗಳು ಮಗು ಜೊತೆ ಡಾರ್ಮಿಟರಿಲೇ ಇರಬೇಕು. ಆಗಲ್ಲ ಅಂದ್ರೆ ಸೀಟು ಬೇರೆಯವರಿಗೆ ಹೋಗುತ್ತೆ."

ಉಬ್ಬಿದ ಎದೆ ಪಂಕ್ಚರಾಯಿತು. "ಮೇಡಂ, ಇಲ್ಲಿ ಇಷ್ಟೊಂದು ಮನೆಗಳಿದಾವೆ, ನೀರಿನ ಮೋಟಾರು ಯಾರು ಹಾಕೋರು?"

"ನಾ ಹಾಕ್ತೀನ್ರೀ ಸಾರ್" ಎಂದ ಮೌನೇಶ, ಮುಖ ಮತ್ತೆ ಅರಳಿಸಿ. "ಎರಡೂ ಹೊತ್ತು ಹಾಕ್ತೀನಿ."

ಕೆಂಪರಾಜು ಹೆಂಡತಿಯ ಮುಖ ನೋಡಿದ. ದಿವ್ಯ ಆಗಲೇ ಅಟ್ಟದಿಂದ ಇನ್ನೊಂದು ಟ್ರಂಕು ಇಳಿಸುತ್ತಿದ್ದಳು.

ಸ್ಕೂಟರು ತಿರುವು ದಾಟುವ ಮೊದಲೇ ಶಾಂತಾದೇವಿ ಗೇಟಿನ ಬಳಿ ಬಂದಿದ್ದರು. "ನಿನ್ ಟ್ರಂಕಿಗೆ ಚಕ್ಕುಲಿ ನಾನೇ ಮಾಡ್ಕೊಡ್ತೀನಿ ಕೆಂಪರಾಜು. ತಿಂಗಳಿಗಾಗೋಷ್ಟು ಮಾಡ್ಲೋ, ಮೂರು ದಿನಕ್ಕೆ ಸಾಕೋ?"

ಮನೋಜ ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟ.

"ಅಪ್ಪಾ, ಅಲ್ಲಿ ಮಂಚದ ಮೇಲೆ ಮಂಚ ಇರುತ್ತಂತೆ. ಕೆಳಗಿಂದು ನಂದು. ನೀನು ಮೇಲೆ ಮಲಕ್ಕೊಂಡು ಅಳು ಬಂದ್ರೆ ಮೆಲ್ಲಗೆ ಅಳು, ನಾನು ಯಾರಿಗೂ ಹೇಳಲ್ಲ."