ನಾಲ್ಕನೆಯ ರಾಜನನ್ನು ನಾನು ಶೀಟಿಗೆ ಸೇರಿಸಿದ್ದು

ಕೆ.ಆರ್. ಪೇಟೆಯಲ್ಲಿ ಕಂಪ್ಯೂಟರ್ ಬಲ್ಲವರು ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ. ಆದರೆ ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ನಾನೊಬ್ಬನೇ ಎಂಬುದು ಕಳೆದ ವರ್ಷದವರೆಗೂ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ನನ್ನದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ವಂಶದಿಂದ ನಾವು ಮರಗೆಲಸದ ಆಚಾರಿಗಳು. ಅಪ್ಪ ಪ್ರೀತಿಯಿಂದಲೇ ಕೈಗೆ ಉಳಿ ಕೊಟ್ಟರು. ನಾನು ಮೊದಲ ದಿನವೇ ಹೆಬ್ಬೆರಳು ಕೆತ್ತಿಕೊಂಡೆ. ಈ ನಾಗರಾಜನಿಗೆ ಕೀಬೋರ್ಡೇ ಗತಿ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು.

ನಮ್ಮದೊಂದು ನಾಟಕದ ತಂಡವಿದೆ. ಬೂಕನಕೆರೆಯ ಚನ್ನಪ್ಪ ಮೇಷ್ಟ್ರು ಹಾರ್ಮೋನಿಯಂ ನುಡಿಸುತ್ತಾರೆ. ನಾಟಕ ಕಟ್ಟಿದವರೂ ಅವರೇ. ಅದರಲ್ಲಿ ರಾಜ, ಮಂತ್ರಿ, ಸೇನಾಪತಿ, ದೂತ ಮತ್ತು ಇಬ್ಬರು ಕಾವಲುಗಾರರು. ರಾಣಿಯ ಪಾತ್ರಕ್ಕೆ ಮೈಸೂರಿನಿಂದ ನಟಿಯೊಬ್ಬರು ಬರುತ್ತಾರೆ. ಇಷ್ಟೇ ಆಗಿದ್ದರೆ ಸಮಸ್ಯೆಯೇ ಇರಲಿಲ್ಲ. ಆದರೆ ನಮ್ಮ ಕಡೆ ಬಣ್ಣ ಹಚ್ಚುವ ಪ್ರತಿಯೊಬ್ಬನಿಗೂ ರಾಜನೇ ಆಗಬೇಕು! ಅದಕ್ಕಾಗಿ ರಾಜನನ್ನು ಹಂಚಿಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದೇವೆ. ಮೊದಲ ಅಂಕದಲ್ಲಿ ಕುಳ್ಳಗಿನ ರಾಜ ಒಳಗೆ ಹೋಗುತ್ತಾನೆ, ಎರಡನೇ ಅಂಕದಲ್ಲಿ ಉದ್ದನೆಯ ರಾಜ ಹೊರಗೆ ಬರುತ್ತಾನೆ, ಮೂರನೆಯದರಲ್ಲಿ ಅವನಿಗೆ ಹೊಟ್ಟೆ ಬಂದಿರುತ್ತದೆ. ನೋಡುವವರು ಯಾರೂ ಪ್ರಶ್ನೆ ಕೇಳುವುದಿಲ್ಲ. ಕಿರೀಟ ಇದ್ದವನು ರಾಜ, ಅಷ್ಟೆ.

ನಾನು ಹನ್ನೊಂದು ವರ್ಷದಿಂದ ಎರಡನೇ ಕಾವಲುಗಾರ. ಮಾತು ಒಂದೇ, "ಅಪ್ಪಣೆ ಪ್ರಭು!" ಅದಕ್ಕೆ ತಾಲೀಮು ಬೇಡ ಎಂದು ಮೇಷ್ಟ್ರೇ ನನ್ನನ್ನು ಬಿಟ್ಟುಬಿಟ್ಟಿದ್ದರು. ಪ್ರಿಂಟರ್ ಇರುವವನು ಎಂಬ ಕಾರಣಕ್ಕೆ ತಂಡದ ಕಾರ್ಯದರ್ಶಿಯೂ ನಾನೇ.

ಕಾರ್ಯದರ್ಶಿ ಎಂದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಮೂರು ದಿನ ಅಂಗಡಿಯಲ್ಲಿ ಕೂತು ವಿಡಿಯೋ ನೋಡಿ ಕಲಿತು ಒಂದು ಸ್ಪ್ರೆಡ್‌ಶೀಟು ತಯಾರಿಸಿದೆ. ಒಂದು ಕಾಲಂನಲ್ಲಿ ಮೇಲಿನಿಂದ ಕೆಳಕ್ಕೆ ಎಂಟು ಜನರ ಹೆಸರು. ಪಕ್ಕದಲ್ಲಿ ಪಾತ್ರಗಳು, ಪ್ರತಿ ಪಾತ್ರದ ಎದುರು ಒಂದು ಅಂಕಿ: ರಾಜ 3, ಮಂತ್ರಿ 1, ಸೇನಾಪತಿ 1, ದೂತ 1, ಕಾವಲುಗಾರ 2. ನನ್ನ ಸೂತ್ರದ ಸೊಗಸು ಇರುವುದು ಇಲ್ಲಿ. ರಾಜರು ಯಾರೆಂದು ಕೇಳಿದರೆ ಅದು ಮೊದಲ ಹೆಸರಿನಿಂದ ಹೊರಟು, ಎದುರಿನ ಚೌಕದಲ್ಲಿ ಯಾವ ಅಂಕಿ ಇದೆಯೋ ಅಷ್ಟು ಹೆಸರು ಎಣಿಸಿ ನಿಲ್ಲುತ್ತದೆ. ರಾಜರು ಮುಗಿದ ಕಡೆಯಿಂದ ಮಂತ್ರಿ ಶುರು, ಮಂತ್ರಿ ಮುಗಿದ ಕಡೆಯಿಂದ ಸೇನಾಪತಿ. ಅಂಕಿ ಬದಲಾಯಿಸಿದರೆ ಸಾಕು, ಸಾಲು ತಾನಾಗಿಯೇ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಯಾರಿಗೆ ಯಾವ ಪಾತ್ರ, ಯಾವ ಉಡುಪು ಎಂಬ ಚೀಟಿಗಳೂ ತಾವಾಗಿಯೇ ತಯಾರಾಗುತ್ತವೆ.

ಹೆಂಡತಿ ಭಾಗ್ಯಳನ್ನು ಕರೆದು ತೋರಿಸಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನೋಡಿದಳು.

"ಎಂಟು ಜನಕ್ಕೆ ಇಷ್ಟೊಂದಾ? ಬೆರಳಲ್ಲಿ ಎಣಿಸೋಕಾಯ್ತಿರ್ಲಿಲ್ವಾ?"

"ನಿಂಗೆ ಗೊತ್ತಾಗಾಕಿಲ್ಲ ಬುಡು. ಇದು ಬೇಕಾದಂಗೆ ಹಿಗ್ಗುತ್ತೆ, ಬೇಕಾದಂಗೆ ಕುಗ್ಗುತ್ತೆ."

"ಲಂಗದ ಲಾಡಿ ಅನ್ನಿ."

ಇಂಥವರ ನಡುವೆ ವಿದ್ಯೆ ಬೆಳೆಯಬೇಕು!

ನಾಟಕಕ್ಕೆ ಹತ್ತು ದಿನ ಇರುವಾಗ ಭಾಗ್ಯ ಇನ್ನೊಂದು ವಿಷಯ ತೆಗೆದಳು. ಅವಳ ತಮ್ಮ ಶಿವಣ್ಣನಿಗೆ ನಾಗಮಂಗಲದ ಕಡೆ ಹೊಣಕೆರೆಯಲ್ಲಿ ಕುಲುಮೆ ಇದೆ. ನಮ್ಮ ನಾಟಕದ ತಗಡಿನ ಕತ್ತಿಗಳನ್ನೆಲ್ಲ ಪ್ರತಿವರ್ಷ ಬಡಿದು ನೆಟ್ಟಗೆ ಮಾಡಿಕೊಡುವವನು ಅವನೇ. ಒಮ್ಮೆಯೂ ರಂಗ ಹತ್ತಿದವನಲ್ಲ.

"ಅವ್ವಂಗೆ ವಯಸ್ಸಾಯ್ತು ಕಣ್ರೀ," ಎಂದಳು. "ನನ್ ಮಗ ಒಂದ್ಸಲ ಕಿರೀಟ ಇಟ್ಕಂಡು ನಿಲ್ಲೋದ ನೋಡ್ಬೇಕು ಅಂತ ಅವ್ಳಾಸೆ. ನೀವೇ ಕಾರ್ಯದರ್ಶಿ. ಒಂದು ರಾಜನ ಪಾತ್ರ ಕೊಡ್ಸೋಕಾಗ್ದಿದ್ರೆ ಆ ಕಂಪ್ಯೂಟರ್ ಯಾಕೆ?"

ಅತ್ತೆಯ ಮನೆಯಲ್ಲಿ ನನ್ನ ಬಗ್ಗೆ ಅಂಥ ಗೌರವವೇನೂ ಇರಲಿಲ್ಲ. ಉಳಿ ಹಿಡಿಯಲು ಬಾರದ ಆಚಾರಿಗೆ ಹೆಣ್ಣು ಕೊಟ್ಟೆವಲ್ಲ ಎಂಬ ಕೊರಗು ಇಪ್ಪತ್ತು ವರ್ಷದಿಂದ ಉಳಿದುಕೊಂಡಿತ್ತು. ಅದನ್ನು ತೊಡೆಯಲು ಇದೇ ಅವಕಾಶ! ಮೂರನೆಯ ರಾಜನಿಗೆ ಮಂಡಿನೋವು. ಕೊನೆಯ ದೃಶ್ಯವನ್ನು ಬೇರೆಯವರಿಗೆ ಬಿಟ್ಟುಕೊಡಲು ಅವನು ಸಂತೋಷವಾಗಿ ಒಪ್ಪಿದ. ಆ ದೃಶ್ಯದ ಮಾತುಗಳನ್ನು ಝೆರಾಕ್ಸ್ ಮಾಡಿ ಹೊಣಕೆರೆಗೆ ಕಳಿಸಿದೆ. ಆಮೇಲೆ ಶೀಟು ತೆರೆದೆ. ಪಟ್ಟಿಯ ಕೆಳಗೆ ಒಂಬತ್ತನೆಯ ಸಾಲಿನಲ್ಲಿ, ನನ್ನ ಹೆಸರಿನ ನಂತರ, ಶಿವಣ್ಣ ಎಂದು ಬರೆದೆ. ರಾಜ ಎಂಬುದರ ಎದುರು 3 ಅಳಿಸಿ 4 ಒತ್ತಿದೆ. ಒಟ್ಟು ಕೆಲಸ ಅರ್ಧ ನಿಮಿಷ. ಲಾಡಿ ಅಂದವಳನ್ನು ಆಗಲೇ ಕರೆಯಬೇಕಿತ್ತು.

ಚೀಟಿಗಳು ಎಲ್ಲರ ಫೋನಿಗೆ ಹೋದವು. ನನ್ನ ಚೀಟಿ ನೋಡಿಕೊಂಡೆ. ಕಾವಲುಗಾರ. ಹನ್ನೊಂದು ವರ್ಷದಿಂದ ಇದ್ದದ್ದೇ. ಸರಿ ಇದೆ ಎಂದು ತೃಪ್ತಿಯಾಯಿತು. ಶಿವಣ್ಣನದನ್ನು ಮಾತ್ರ ಪ್ರಿಂಟರಿನಿಂದ ಬಂದ ಹಾಗೆಯೇ ಮಡಿಸಿ ಕವರಿಗೆ ಹಾಕಿ, ಅಂಟಿಸಿ, ಎಲೆ ಅಡಿಕೆ ಸಮೇತ ಭಾಗ್ಯಳ ಕೈಯಲ್ಲಿ ಕಳಿಸಿದೆ. ಅತ್ತೆ ಅದನ್ನು ದೇವರ ಪಟದ ಮುಂದೆ ಇಟ್ಟು, ಬಣ್ಣ ಹಚ್ಚುವ ದಿನವೇ ಒಡೆಯಬೇಕು ಎಂದು ಅಪ್ಪಣೆ ಮಾಡಿದರಂತೆ.

ಮಾರನೆಯ ದಿನದಿಂದ ನನ್ನ ಅಂಗಡಿಗೆ ಜನ ಬರತೊಡಗಿದರು. ಮೊದಲನೇ ಕಾವಲುಗಾರ ಒಂದು ಚಿಪ್ಪು ಬಾಳೆಹಣ್ಣು ತಂದ. ದೂತನ ಪಾತ್ರದವನು ಕ್ಯಾತನಹಳ್ಳಿಯಿಂದ ಬೆಲ್ಲದ ಅಚ್ಚು ತಂದ. ಶ್ರೀರಂಗಪಟ್ಟಣದಲ್ಲಿ ಟೆಂಪೋ ಇಟ್ಟುಕೊಂಡಿರುವ ರಹಮತ್ತು ನಮ್ಮ ಕಾಯಂ ಮಂತ್ರಿ. ಅವನು ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ನಾಗರಾಜಣ್ಣ, ಶುಕ್ರಿಯಾ! ನೀವು ಯೋಗ್ಯತೆ ನೋಡೋರು ಅಂತ ನಂಗೆ ಮೊದ್ಲೇ ಗೊತ್ತಿತ್ತು."

"ನಂದೇನಿಲ್ಲ ರಹಮತ್ತು. ಎಲ್ಲಾ ಶೀಟು ಮಾಡ್ತು," ಎಂದೆ. ವಿನಯಕ್ಕೆ ಹೇಳಿದ ಮಾತು. ಅಕ್ಷರಶಃ ನಿಜವಾಗಿತ್ತು.

ಮೇಷ್ಟ್ರು ಫೋನ್ ಮಾಡಿದರು. "ನಾಗರಾಜ, ಬಾರೀ ಬದಲಾವಣೆ ಮಾಡ್ಬುಟ್ಟಿದ್ದೀಯಲ್ಲಪ್ಪ!"

"ಆಗ್ಬೇಕಲ್ವಾ ಮೇಷ್ಟ್ರೇ. ಎಷ್ಟು ವರ್ಸ ಅಂತ ಹಳೇದನ್ನೇ ಹಿಡ್ಕಂಡಿರೋದು?"

"ಸರಿ ಬುಡು. ಕಂಪೂಟ್ರೇ ಹೇಳುದ್ ಮ್ಯಾಲೆ ನಾನ್ಯಾರು," ಎಂದು ಇಟ್ಟುಬಿಟ್ಟರು.

ಚೀಟಿ ಫೋನಿನಲ್ಲೇ ಬಂದದ್ದಕ್ಕೆ ಇಷ್ಟೊಂದು ಸಂತೋಷವೇ ಎಂದು ನಾನು ಬಾಳೆಹಣ್ಣು ತಿಂದೆ. ಬೆಲ್ಲವೂ ಚೆನ್ನಾಗಿತ್ತು.

ನಾಟಕದ ದಿನ ಬೆಳಿಗ್ಗೆ ಹತ್ತಕ್ಕೆ ಸಮುದಾಯ ಭವನ ತುಂಬಿತು. ಹೊಣಕೆರೆಯಿಂದ ಒಂದು ಟೆಂಪೋ ನೆಂಟರು ಇಳಿದರು. ಅತ್ತೆ ಮುಂದಿನ ಸಾಲಿನಲ್ಲಿ ಕೂತು ಸುಗಂಧರಾಜದ ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಶಿವಣ್ಣ ಹೊಸ ಪಂಚೆಯಲ್ಲಿ ಬಂದ. ಕೈಯಲ್ಲಿ ಫಳಫಳ ಹೊಳೆಯುವ ಕತ್ತಿ. ತಗಡಲ್ಲ, ಉಕ್ಕು! ರಾಜನಾಗುವವನಿಗೆ ತಗಡು ಯಾಕೆ ಎಂದು ಒಂದು ವಾರ ಬಡಿದು ತಾನೇ ಮಾಡಿದ್ದ. ಅಂಚು ಮಾತ್ರ ಮೊಂಡು ಮಾಡಿದ್ದ, ಪುಣ್ಯಾತ್ಮ.

ಅವನು ಬಣ್ಣದ ಕೋಣೆಗೆ ಹೋಗಿ ರಾಜರ ಕುರ್ಚಿಯಲ್ಲಿ ಕೂತ. ಬಣ್ಣ ಹಚ್ಚುವವರು ನನ್ನ ಪಟ್ಟಿ ನೋಡಿ, "ಯಜಮಾನ್ರೇ, ನಿಮ್ದು ಆ ಕಡೆ ಬೆಂಚು," ಎಂದರು. ಶಿವಣ್ಣ ಕವರು ಒಡೆದ. ಒಣಗಿದ ವೀಳ್ಯದೆಲೆಯ ಜೊತೆ ಚೀಟಿ ಹೊರಬಂತು. ಅವನು ಗಟ್ಟಿಯಾಗಿ ಓದಿದ.

"ಪಾತ್ರ, ಕಾವಲುಗಾರ. ಉಡುಪು, ಕೆಂಪು ಚಡ್ಡಿ. ಕೈಯಲ್ಲಿ, ಈಟಿ." ಆಮೇಲೆ ನನ್ನ ಕಡೆ ನೋಡಿದ. "ಇದೇನ್ ಭಾವ?"

ಸುತ್ತಲೂ ನೋಡಿದೆ. ನಾಲ್ಕನೆಯ ಕಿರೀಟ ಇಟ್ಟುಕೊಂಡು ಮಂತ್ರಿ ರಹಮತ್ತು ಮೀಸೆ ಅಂಟಿಸಿಕೊಳ್ಳುತ್ತಿದ್ದ. ಸೇನಾಪತಿ ಮಂತ್ರಿಯ ಶಾಲು ಹೊದ್ದಿದ್ದ. ದೂತ ಸೇನಾಪತಿಯಾಗಿದ್ದ. ಮೊದಲನೇ ಕಾವಲುಗಾರ ದೂತನಾಗಿ ಓಲೆ ಹಿಡಿದು ಓಡಾಡುತ್ತಿದ್ದ. ಸೂತ್ರ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತ್ತು. ನಾಲ್ಕು ಹೆಸರು ಎಣಿಸು ಎಂದೆ, ಎಣಿಸಿತು. ನಾಲ್ಕನೆಯ ಹೆಸರು ಮಂತ್ರಿಯದು! ಅಲ್ಲಿಂದ ಇಡೀ ರಾಜ್ಯಕ್ಕೆ ಒಂದೊಂದು ಬಡ್ತಿ. ಬಡ್ತಿ ಸಿಕ್ಕವರು ಯಾರು ತಕರಾರು ಮಾಡುತ್ತಾರೆ? ಬಾಳೆಹಣ್ಣು ತರುತ್ತಾರೆ. ಪಟ್ಟಿಯ ತುದಿಯಲ್ಲಿ ಬರೆದ ಶಿವಣ್ಣ ನನ್ನ ಪಕ್ಕಕ್ಕೆ ಬಂದು ಬಿದ್ದಿದ್ದ. ಮೊದಲ ಮೂವರು ರಾಜರನ್ನು ಬಿಟ್ಟರೆ ಬಡ್ತಿ ಸಿಗದವನು ನಾನೊಬ್ಬನೇ. ಅದಕ್ಕೇ ತಪ್ಪು ನನಗೆ ಕಾಣಿಸಿರಲಿಲ್ಲ.

"ಒಂದ್ನಿಮಿಸ ಇರು, ಸರಿ ಮಾಡ್ತೀನಿ," ಎಂದು ಲ್ಯಾಪ್‌ಟಾಪ್ ತೆರೆದೆ. 4 ಅಳಿಸಿ 3 ಮಾಡಿದೆ. ಶಿವಣ್ಣ ಪಟ್ಟಿಯಿಂದಲೇ ಮಾಯವಾದ! ಗಾಬರಿಯಾಗಿ 5 ಒತ್ತಿದೆ. ಈಗ ಹಳೆಯ ಸೇನಾಪತಿಯೂ ರಾಜನಾದ, ನಾನು ದೂತನಾದೆ, ಕಾವಲಿಗೆ ಶಿವಣ್ಣ ಮತ್ತು ಒಂದು ಸೊನ್ನೆ ಉಳಿದವು. ದೂತ ಎಂಬುದರ ಎದುರು ನನ್ನ ಹೆಸರು ನೋಡಿ ಒಂದು ಕ್ಷಣ ಆಸೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಬೆವರು ಒರೆಸಿಕೊಂಡು ಮತ್ತೆ 4 ಒತ್ತಿದೆ.

ರಹಮತ್ತು ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ಸಣ್ಣದಾಯಿತು.

"ನಾಗರಾಜಣ್ಣ, ಅಲ್ಲಾ ಕಸಮ್, ಟೆಂಪೋ ಓಡಿಸ್ತಾ ಓಡಿಸ್ತಾ ಮಾತೆಲ್ಲಾ ಬಾಯಿಪಾಠ ಮಾಡ್ದೆ. ಅಮ್ಮೀನ್ನೂ ಕರ್ಕಂಡು ಬಂದೀನಿ. ಆದ್ರೂ ಬೇಕಂದ್ರೆ ತಗಳ್ಳಿ, ಕೊಟ್ಬುಡ್ತೀನಿ." ಕಿರೀಟಕ್ಕೆ ಕೈ ಹಾಕಿದ.

ಪರದೆಯ ಸಂದಿಯಿಂದ ಶಿವಣ್ಣ ಹೊರಗೆ ನೋಡಿದ. ರಹಮತ್ತುವಿನ ತಾಯಿ ಮತ್ತು ನಮ್ಮ ಅತ್ತೆ ಅಕ್ಕಪಕ್ಕದಲ್ಲೇ ಕೂತು ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದರು. ನನ್ನ ಮಗ ರಾಜ, ನನ್ನ ಮಗನೂ ರಾಜ ಎಂದು ಮಾತಾಡಿಕೊಂಡಿರಬೇಕು.

"ಬುಡಪ್ಪ ರಹಮತ್ತಣ್ಣ," ಎಂದ ಶಿವಣ್ಣ. "ಅವ್ರೂ ಮಗನ್ನ ನೋಡೋಕೆ ಬಂದವ್ರೆ. ತಲೆ ಮ್ಯಾಲಿಂದ ಕಿತ್ಕಳಾದು ಚೆಂದಾಗಿರಾಕಿಲ್ಲ."

ಅಷ್ಟು ಹೇಳಿ ಕೆಂಪು ಚಡ್ಡಿ ಹಾಕಿಕೊಂಡ. ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮೂವರು ರಾಜರು ಬಂದು ಹೋದರು. ಕೊನೆಯ ದೃಶ್ಯ. ಸಿಂಹಾಸನದ ಮೇಲೆ ರಹಮತ್ತು, ಎದುರಿಗೆ ದ್ರೋಹ ಮಾಡಿದ ಮಂತ್ರಿ, ಹಿಂದೆ ಕಾವಲಿಗೆ ಶಿವಣ್ಣ ಮತ್ತು ನಾನು. ಶಿವಣ್ಣ ಈಟಿ ಮುಟ್ಟಿರಲಿಲ್ಲ. ಸೊಂಟದಲ್ಲಿ ತನ್ನ ಉಕ್ಕಿನ ಕತ್ತಿಯನ್ನೇ ಸಿಕ್ಕಿಸಿಕೊಂಡಿದ್ದ. ರಾಜನ ತಗಡು ಅದರ ಮುಂದೆ ಮಂಕಾಗಿತ್ತು. ಕೆಳಗೆ ಅತ್ತೆ ಹಾರ ಹಿಡಿದು ಸಿಂಹಾಸನವನ್ನೇ ನೋಡುತ್ತಿದ್ದರು. ಅಲ್ಲಿರುವುದು ತಮ್ಮ ಮಗನಲ್ಲ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಣ್ಣು ಸಿಂಹಾಸನದಿಂದ ಹಿಂದಕ್ಕೆ ಬಂತು, ಕೆಂಪು ಚಡ್ಡಿಯ ಮೇಲೆ ನಿಂತಿತು. ಶಿವಣ್ಣ ತಲೆ ತಗ್ಗಿಸಿದ.

ಅದೇ ಹೊತ್ತಿಗೆ ರಹಮತ್ತು ಎದ್ದು ಗುಡುಗಿದ. "ಯಾರಲ್ಲಿ! ಈ ರಾಜದ್ರೋಹಿಯನ್ನು ಸೆರೆಮನೆಗೆ ಎಳೆದೊಯ್ಯಿರಿ!"

ಕಾವಲುಗಾರರಿಬ್ಬರೂ ಮಂತ್ರಿಯನ್ನು ಹಿಡಿಯಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಸಭೆಯೇ ನಡುಗುವಂತೆ ಕೂಗು ಬಂತು.

"ಅಪ್ಪಣೆ ಪ್ರಭು!"

ಮರುಕ್ಷಣ ನನ್ನ ಕತ್ತಿನ ಹಿಂಭಾಗಕ್ಕೆ ಒಂದು ಕೈ ಬಿತ್ತು. ಇಪ್ಪತ್ತು ವರ್ಷ ಸುತ್ತಿಗೆ ಹಿಡಿದ ಕೈ! "ಲೋ, ನಾನಲ್ಲ ಕಣ್ಲಾ, ಮಂತ್ರಿ, ಮಂತ್ರಿ!" ಎಂದು ಪಿಸುಗುಟ್ಟಿದೆ. ಶಿವಣ್ಣ ಕೇಳಿಸಿಕೊಳ್ಳಲಿಲ್ಲ. ನನ್ನ ಈಟಿ ಒಂದು ಕಡೆ, ಪೇಟ ಇನ್ನೊಂದು ಕಡೆ. ಇಡೀ ರಂಗದ ಉದ್ದಕ್ಕೂ ನನ್ನನ್ನು ದರದರ ಎಳೆದುಕೊಂಡು ಹೋದ. ದ್ರೋಹಿ ಮಂತ್ರಿ ಮಾತ್ರ ಬಂಧನಕ್ಕೆ ಕೈ ಚಾಚಿಕೊಂಡು ನಿಂತೇ ಇದ್ದ.

ರಹಮತ್ತು ಟೆಂಪೋ ಓಡಿಸುವವನು. ಎದುರಿಗೆ ಏನೇ ಅಡ್ಡ ಬಂದರೂ ಗಾಡಿ ತಿರುಗಿಸುವುದು ಅವನಿಗೆ ಗೊತ್ತು. "ಭಲೇ! ನಿಜವಾದ ದ್ರೋಹಿ ಈಗ ಸಿಕ್ಕಿಬಿದ್ದ!" ಎಂದುಬಿಟ್ಟ.

ಭವನ ಬಿದ್ದುಬಿದ್ದು ನಕ್ಕಿತು. ಶಿಳ್ಳೆ ಹೊಡೆದರು. "ಒನ್ಸ್ ಮೋರ್!" ಎಂದು ಕುರ್ಚಿ ಹತ್ತಿ ನಿಂತರು. ಜನ ಒನ್ಸ್ ಮೋರ್ ಕೇಳಿದರೆ ಮಾಡದೆ ಬಿಡುವುದು ನಮ್ಮಲ್ಲಿ ರೂಢಿಯಲ್ಲ. ಮೇಷ್ಟ್ರು ಹಾರ್ಮೋನಿಯಂ ಮೇಲೆ ರಾಗ ಎತ್ತಿಕೊಟ್ಟರು. ನನ್ನನ್ನು ಮತ್ತೆ ತಂದು ನಿಲ್ಲಿಸಿ ಮತ್ತೆ ಎಳೆದರು. ಒಟ್ಟು ಮೂರು ಸಲ! ಮೂರನೆಯ ಸಲಕ್ಕೆ ಚಡ್ಡಿಯನ್ನು ನಾನೇ ಕೈಯಲ್ಲಿ ಹಿಡಿದುಕೊಂಡಿದ್ದೆ.

ಅತ್ತೆ ಮೆಟ್ಟಿಲು ಹತ್ತಿ ಬಂದು ಹಾರವನ್ನು ಕಾವಲುಗಾರನ ಕೊರಳಿಗೆ ಹಾಕಿದರು. ರಹಮತ್ತು ಕಿರೀಟ ತೆಗೆದು ಶಿವಣ್ಣನ ತಲೆಗಿಟ್ಟ. ಕೆಳಗೆ ಕೆಂಪು ಚಡ್ಡಿ, ಮೇಲೆ ಕಿರೀಟ. ಎಲ್ಲರೂ ಫೋಟೋ ಹೊಡೆದುಕೊಂಡರು. ಅತ್ತೆ ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ನನ್ನ ಕಣ್ಣೂ ತುಂಬಿತು. ಕತ್ತು ನೋಯುತ್ತಿದ್ದದ್ದೂ ಒಂದು ಕಾರಣವಿರಬಹುದು.

ಮನೆಗೆ ಬಂದ ಮೇಲೆ ಭಾಗ್ಯ ನನ್ನ ಕುತ್ತಿಗೆಗೆ ಎಣ್ಣೆ ತಿಕ್ಕುತ್ತ ಲ್ಯಾಪ್‌ಟಾಪಿನತ್ತ ನೋಡಿದಳು.

"ಅಲ್ಲಾ ರೀ, ಅವನ ಹೆಸ್ರನ್ನ ಮೂರನೇ ರಾಜನ ಕೆಳಗೇ ಒಂದು ಸಾಲು ಸೇರ್ಸಿ ಬರ್ದಿದ್ರೆ ಸಾಕಾಯ್ತಿತ್ತಲ್ವಾ?"

ಸಾಕಾಗುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಈ ವರ್ಷದ ಪಟ್ಟಿಯನ್ನು ಮೇಷ್ಟ್ರು ಪೆನ್ಸಿಲ್ಲಿನಲ್ಲಿ ನೋಟ್‌ಬುಕ್ಕಿನಲ್ಲೇ ಬರೆದಿದ್ದಾರೆ. ಶಿವಣ್ಣನಿಗೆ ರಾಜನ ಪಾತ್ರ ಕೊಡುತ್ತೇವೆಂದರೆ ಅವನು ಒಪ್ಪಲಿಲ್ಲ. ಜನ ಕೇಳುತ್ತಿದ್ದಾರಂತೆ, ಕಾವಲುಗಾರನೇ ಬೇಕಂತೆ. ಆದ್ದರಿಂದ ನಾಟಕಕ್ಕೆ ಒಂದು ಹೊಸ ಪಾತ್ರ ಸೇರಿದೆ. ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಮೇಷ್ಟ್ರ ದುಂಡಗಿನ ಅಕ್ಷರ ಹೀಗಿದೆ: ನಿಜವಾದ ದ್ರೋಹಿ, ನಾಗರಾಜಾಚಾರಿ. ಹನ್ನೆರಡನೆಯ ವರ್ಷಕ್ಕೆ ನನಗೂ ಬಡ್ತಿ ಸಿಕ್ಕಿತು.