ಸಾಮೆ, ನವಣೆ ಮತ್ತು ನನ್ನ ಸಪೋರ್ಟು

ನನ್ನ ಮಗಳ ಪರೀಕ್ಷೆಗೆ ಪಠ್ಯಕ್ರಮವಿತ್ತು, ದಪ್ಪ ದಪ್ಪ ಪುಸ್ತಕಗಳಿದ್ದವು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಿದ್ದವು. ಅವಳ ಅಪ್ಪನಾದ ನನಗೆ ಇವು ಯಾವುವೂ ಇರಲಿಲ್ಲ. ಎರಡನೇ ಪಿಯುಸಿ ಓದುವ ಮಕ್ಕಳಿರುವ ಮನೆಯಲ್ಲಿ ದೊಡ್ಡವರು ಹೇಗಿರಬೇಕು ಎಂದು ಕೇಳಿದರೆ ಬೀದಿಯಲ್ಲಿ ಹೋಗುವವರೂ ನಿಂತು ಹೇಳುತ್ತಾರೆ. ಆದರೆ ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ಹೊಂದುವುದಿಲ್ಲ. ಬೆಳಗಿನ ಜಾವ ಎಬ್ಬಿಸಿ ಅನ್ನುತ್ತಾರೆ ಒಬ್ಬರು, ನಿದ್ದೆ ಕೆಡಿಸಬೇಡಿ ಅನ್ನುತ್ತಾರೆ ಇನ್ನೊಬ್ಬರು. ಬೆನ್ನು ಹತ್ತಬೇಕು ಅನ್ನುವವರೂ ಇದ್ದಾರೆ, ಅವರ ಪಾಡಿಗೆ ಬಿಡಬೇಕು ಅನ್ನುವವರೂ ಇದ್ದಾರೆ. ಯಾರ ಮನಸ್ಸಿಗೂ ನೋವಾಗಬಾರದೆಂದು ನಾನು ಎಲ್ಲವನ್ನೂ ಮಾಡಿದೆ. ಎಡವಟ್ಟಾದದ್ದು ಅಲ್ಲೇ ಎಂದು ನನ್ನ ಹೆಂಡತಿ ಲಕ್ಷ್ಮಿ ಇವತ್ತಿಗೂ ಹೇಳುತ್ತಾಳೆ.

ಇದು ಹೊಸ ಶತಮಾನ ಶುರುವಾದ ಹೊಸತರ ಮಾತು. ನಮ್ಮದು ಕಗ್ಗದಾಸಪುರದಲ್ಲಿ ಹಳೆಯ ಮನೆ. ಅದು ಊರಾಗಿದ್ದಾಗ ನಮ್ಮಪ್ಪ ಅಲ್ಲಿ ಹೊಲ ಉಳುತ್ತಿದ್ದರು. ಹೊಲಗಳು ಸೈಟುಗಳಾದ ಮೇಲೆ ಕೃಷ್ಣರಾಜಪುರದ ಆಚೆ ಒಂದಿಷ್ಟು ಜಮೀನು ಕೊಂಡೆವು. ಅಲ್ಲಿ ನನ್ನ ಅಣ್ಣ ಸೊಪ್ಪು, ಹುರುಳಿಕಾಯಿ ಬೆಳೆಯುತ್ತಾನೆ. ನಾನು ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಶಿವಾಜಿನಗರದ ಮಾರುಕಟ್ಟೆಗೆ ತಲುಪಿಸುತ್ತೇನೆ. ಅಣ್ಣ ಮಣ್ಣಿನಲ್ಲಿ ಇರುತ್ತಾನೆ, ನಾನು ಡಾಂಬರಿನ ಮೇಲೆ ಇರುತ್ತೇನೆ. ಪಹಣಿಯಲ್ಲಿ ಮಾತ್ರ ಇಬ್ಬರೂ ರೈತರೇ. ಪಿಯುಸಿ ತನಕ ಹೋಗಿ ಅಲ್ಲಿ ನಪಾಸಾದವನು ನಾನೊಬ್ಬನೇ ಆದ್ದರಿಂದ ಮನೆಯಲ್ಲಿ ವಿದ್ಯಾವಂತ ಎಂಬ ಹೆಸರು ನನಗೆ ಬಂದಿತ್ತು. ಮಗಳು ಮಂಜುಳಾ ಸಿಇಟಿ ಬರೆಯುವ ವರ್ಷ ಆ ಹೆಸರು ನನಗೆ ಮುಳುವಾಯಿತು.

ಇಂದಿರಾನಗರದಲ್ಲಿ ಒಂದು ಮಿಠಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕೋಚಿಂಗ್ ಕ್ಲಾಸು. ಒಂದು ಭಾನುವಾರ ಅಲ್ಲಿ ಪೋಷಕರ ಸಭೆ ಕರೆದರು. ಅಲ್ಲಿನ ಮೇಷ್ಟರು ಒಂದು ಗಂಟೆ ಮಾತಾಡಿದರು. ಅದರಲ್ಲಿ ನನಗೆ ನೆಟ್ಟಗೆ ಅರ್ಥವಾದ ಮಾತು ಒಂದೇ: ಪೇರೆಂಟ್ಸು ಸಪೋರ್ಟ್ ಮಾಡಬೇಕು. ನನಗೆ ಗೊತ್ತಿದ್ದ ಸಪೋರ್ಟು ಅಂದರೆ ಟೊಮ್ಯಾಟೊ ಗಿಡಕ್ಕೆ ನೆಡುವ ಕೋಲು. ಎದ್ದು ನಿಂತು, ಸಪೋರ್ಟ್ ಅಂದರೆ ಏನೇನು ಮಾಡಬೇಕು ಸಾರ್ ಎಂದು ಕೇಳಿದೆ. ಹಾಸ್ಯ ಮಾಡಿದೆನೆಂದುಕೊಂಡು ಎಲ್ಲರೂ ನಕ್ಕರು, ಮೇಷ್ಟರೂ ನಕ್ಕು ಬೇರೆ ವಿಷಯಕ್ಕೆ ಹೋದರು. ಪಕ್ಕದಲ್ಲಿ ಬೆನ್ಸನ್ ಟೌನಿನಿಂದ ಬಂದಿದ್ದ ಒಬ್ಬರು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡಿದ್ದರು. ಅವರನ್ನು ಕೇಳಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ಓದಿದರು: ಟಿವಿ ಬೇಡ, ನೆಂಟರು ಬೇಡ, ನೆನೆಸಿದ ಬಾದಾಮಿ ಬೇಕು, ಮತ್ತೆ, ಮನೆಯಲ್ಲಿ ಅಪ್ಪ ಅಮ್ಮ ಇದ್ದೂ ಇಲ್ಲದ ಹಾಗೆ ಇರಬೇಕು.

ಕೊನೆಯದನ್ನು ಮಾಡುವುದು ಹೇಗೆಂದು ನಾನು ಮನೆಯ ದಾರಿಯ ರೈಲ್ವೆ ಗೇಟಿನ ತನಕ ಯೋಚಿಸಿದೆ. ಗೇಟು ಹಾಕಿತ್ತು, ಆದ್ದರಿಂದ ಇನ್ನೂ ಅರ್ಧ ಗಂಟೆ ಯೋಚಿಸಿದೆ. ತಿಳಿಯಲಿಲ್ಲ. ಸುಲಭವಾದವುಗಳನ್ನು ಮೊದಲು ಮುಗಿಸೋಣವೆಂದು ಮಾರನೇ ದಿನ ಕೇಬಲ್ ತೆಗೆಸಿದೆ.

ಇದರಿಂದ ಮಂಜುಳಾಗೆ ಏನೂ ಆಗಲಿಲ್ಲ, ಅವಳು ಟಿವಿ ನೋಡುತ್ತಿರಲೇ ಇಲ್ಲ. ನೋಡುತ್ತಿದ್ದವಳು ನನ್ನ ಅಮ್ಮ. ಮಧ್ಯಾಹ್ನ ಊಟವಾದ ಮೇಲೆ ಎರಡು ಧಾರಾವಾಹಿ, ಸಂಜೆ ದೀಪ ಹಚ್ಚಿದ ಮೇಲೆ ಒಂದು, ಇದು ಅವಳ ದಿನಚರಿ. ಮಗುವಿನ ಓದಿಗಾಗಿ ಎಂದು ವಿವರಿಸಿದೆ. ಅವಳು ಎರಡು ಸೀರೆ, ಎಲೆ ಅಡಿಕೆ ಚೀಲ ತೆಗೆದುಕೊಂಡು ಕೃಷ್ಣರಾಜಪುರದಲ್ಲಿರುವ ನನ್ನ ತಂಗಿಯ ಮನೆಗೆ ಹೊರಟುಹೋದಳು. ಹೋಗುವಾಗ ಸೊಸೆಗೆ ಮಾತ್ರ, ಪರೀಕ್ಷೆ ಮುಗಿದ ಮೇಲೆ ಹೇಳಿಕಳಿಸು ಅಂದಳಂತೆ. ಮನೆ ನಿಶ್ಶಬ್ದವಾಯಿತು. ಇದೇ ಸಪೋರ್ಟು ಎಂದು ನನಗೆ ಖುಷಿಯಾಯಿತು.

ಆಮೇಲೆ ಇದ್ದೂ ಇಲ್ಲದ ಹಾಗೆ ಇರುವುದನ್ನು ಅಭ್ಯಾಸ ಮಾಡತೊಡಗಿದೆ. ಮಾರುಕಟ್ಟೆಯಿಂದ ಬಂದವನು ಸ್ನಾನ ಮಾಡಿ ಮಂಜುಳಾ ಓದುವ ಕೋಣೆಯಲ್ಲಿ ಒಂದು ಮೂಲೆಗೆ ಕುರ್ಚಿ ಹಾಕಿಕೊಂಡು ಪೇಪರು ಹಿಡಿದು ಕೂರುತ್ತಿದ್ದೆ. ಪುಟ ತಿರುಗಿಸುವ ಸದ್ದಿಗೆ ಲೆಕ್ಕ ತಪ್ಪುತ್ತದೆ ಎಂದಳು. ಪುಟ ತಿರುಗಿಸುವುದು ಬಿಟ್ಟೆ. ಒಂದೇ ಪುಟವನ್ನು ಊಟದ ಹೊತ್ತಿನ ತನಕ ನೋಡಿ ನೋಡಿ ಜಿಲ್ಲೆಗಳ ಹವಾಮಾನ, ಕಾಣೆಯಾದವರ ವಿವರ ಎಲ್ಲ ಬಾಯಿಪಾಠವಾಯಿತು. ಎರಡು ದಿನ ಬಿಟ್ಟು ಅವಳು ಪೆನ್ನು ಕೆಳಗಿಟ್ಟು, ಬೇಸರ ಮಾಡ್ಕೋಬೇಡ ಅಪ್ಪಾ, ನೀನು ಉಸಿರು ಬಿಡೋದು ಕೇಳಿಸ್ತಿದೆ ಎಂದಳು. ಉಸಿರಿನ ವಿಷಯದಲ್ಲಿ ನಾನು ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಹಾಗಾದರೆ ಪ್ರಶ್ನೆ ಕೇಳಿ ಸಹಾಯ ಮಾಡುತ್ತೇನೆ ಎಂದೆ. ಪಾಪ, ಒಪ್ಪಿದಳು. ಭೌತಶಾಸ್ತ್ರದ ಪುಸ್ತಕ ತೆರೆದು ಓದಲು ಹೋದೆ, ಎರಡನೇ ಸಾಲಿನಲ್ಲಿ ಒಂದು ಸೊನ್ನೆ, ಅದರ ಹೊಟ್ಟೆಗೆ ಅಡ್ಡಗೆರೆ. ಇದೇನಮ್ಮ ಅಂದೆ. ಥೀಟಾ ಅಂದಳು. ಅದು ಎಷ್ಟು ಅಂದೆ. ಒಂದೊಂದು ಲೆಕ್ಕದಲ್ಲಿ ಒಂದೊಂದು ಅಂದಳು. ಕೊತ್ತಂಬರಿ ಕಟ್ಟಿನ ಬೆಲೆಯ ಹಾಗೆ ಎಂದುಕೊಂಡು ಪುಸ್ತಕ ಮುಚ್ಚಿದೆ. ಅವತ್ತಿನಿಂದ ನನ್ನ ಕೆಲಸ ಬಾದಾಮಿ ಸಿಪ್ಪೆ ಸುಲಿಯುವುದಕ್ಕೆ ಇಳಿಯಿತು.

ಸಿಇಟಿ ಆಯಿತು. ಎರಡನೇ ದಿನ ಮಂಜುಳಾ ಹೊರಗೆ ಬಂದಾಗ ಮುಖ ಬಾಡಿತ್ತು. ಸ್ಕೂಟರಿನ ಹಿಂದೆ ಕೂತು ಹಲಸೂರು ದಾಟಿದ ಮೇಲೆ, ಫಿಸಿಕ್ಸ್ ಹೋಯ್ತು ಅಪ್ಪಾ ಎಂದಳು. ನಾನು, ಇಂಜಿನಿಯರಿಂಗ್ ಸಿಗದಿದ್ದರೆ ಪರವಾಗಿಲ್ಲ, ಇನ್ನೊಂದು ಸಲ ಬರೆಯೋಣ ಎಂದೆ. "ನಂಗೆ ಇಂಜಿನಿಯರಿಂಗ್ ಬೇಡ. ಅಗ್ರಿ ಮಾಡ್ಬೇಕು ಅಂತ ಅರ್ಜಿಲೇ ಬರ್ದಿದ್ದೀನಿ. ನೀನೇ ಸೈನ್ ಹಾಕಿದ್ದೆ" ಎಂದಳು. ಸೈನ್ ಹಾಕಿದ್ದು ನಿಜ. ಅದಕ್ಕೆ ಬೇಕಾದ ಸರ್ಟಿಫಿಕೇಟಿಗೆ ಕೃಷ್ಣರಾಜಪುರದ ತಾಲ್ಲೂಕು ಕಚೇರಿಯಲ್ಲಿ ನಿಂತಿದ್ದೂ ನಾನೇ. ರೈತರ ಮಕ್ಕಳಿಗೆ ಏನೋ ಒಂದು ಸವಲತ್ತು, ಇರಲಿ ಎಂದು ತಂದುಕೊಟ್ಟಿದ್ದೆ. ವರ್ಷವಿಡೀ ಅವಳ ಉಸಿರಿಗೆ ಉಸಿರು ಕೊಟ್ಟು ಕೂತವನಿಗೆ ಅವಳು ಏನು ಓದಬೇಕೆಂದಿದ್ದಾಳೆ ಎನ್ನುವುದೇ ತಿಳಿದಿರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಬಿಡಿಸಿ ಹೇಳಿದಳು. ಕೃಷಿ ಪದವಿಗೆ ರೈತರ ಮಕ್ಕಳಿಗೆಂದು ಕೆಲವು ಸೀಟುಗಳಿವೆ. ಅದಕ್ಕೆ ಇನ್ನೊಂದು ಪರೀಕ್ಷೆ ಇದೆ, ಬರೆಯುವುದಲ್ಲ, ಗುರುತಿಸುವುದು. ಬೀಜ, ಗೊಬ್ಬರ, ಬೇಸಾಯದ ಸಲಕರಣೆ ಮುಂದಿಟ್ಟು ಇದೇನು ಎಂದು ಕೇಳುತ್ತಾರೆ. ಈಗ ಉಳಿದಿರುವುದು ಅದೊಂದೇ. ಕೇಳುತ್ತ ಕೇಳುತ್ತ ನನ್ನ ಬೆನ್ನು ನೆಟ್ಟಗಾಯಿತು. ಥೀಟಾ ಇಲ್ಲದ ಪರೀಕ್ಷೆ ಕೊನೆಗೂ ಬಂತು. ಇದನ್ನು ನನಗೆ ಬಿಡು ಎಂದೆ. ಲಕ್ಷ್ಮಿ ಒಲೆಯ ಹತ್ತಿರದಿಂದಲೇ, ನಿಮಗೆ ಗೊತ್ತಾ ಎಂದು ಕೇಳಿದಳು. ರೈತನ ಮಗನನ್ನು ಕೇಳುವ ಪ್ರಶ್ನೆಯೇ ಇದು ಎಂದು ಸ್ವಲ್ಪ ಗಡಸಾಗಿಯೇ ಹೇಳಿದೆ.

ಶಿವಾಜಿನಗರದಲ್ಲಿ ನಾನು ಸೊಪ್ಪಿನ ಬೀಜ ಕೊಳ್ಳುವ ಅಂಗಡಿಯ ಬಾಷಾ ಭಾಯಿ ಹಳೆಯ ಪರಿಚಯ. ಒಂದೊಂದು ಹಿಡಿಯಂತೆ ಹದಿನಾಲ್ಕು ಬಗೆಯ ಕಾಳು ಕೇಳಿದೆ. ಅವರು ಒಂದೊಂದನ್ನೂ ಪೇಪರಿನಲ್ಲಿ ಕಟ್ಟುತ್ತ, ಮೇಲೆ ಹೆಸರು ಬರೆದುಕೊಡಲಾ ಎಂದು ಕೇಳಿದರು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ರೈತರು ನಿಂತಿದ್ದರು. ಬೇಡ ಭಾಯಿ, ನನಗೆ ಗೊತ್ತಿಲ್ವಾ ಎಂದೆ.

ಮನೆಗೆ ಬಂದು ಜಗಲಿಯ ಮೇಲೆ ಹದಿನಾಲ್ಕು ಸ್ಟೀಲು ಬಟ್ಟಲು ಸಾಲಾಗಿ ಇಟ್ಟು ಪೊಟ್ಟಣಗಳನ್ನು ಸುರಿದೆ. ರಾಗಿ, ಜೋಳ, ತೊಗರಿ, ಹುರುಳಿ, ಅಲಸಂದೆ, ಎಳ್ಳು, ಹರಳು ಹೀಗೆ ಹತ್ತನ್ನು ಧೈರ್ಯವಾಗಿ ಹೇಳುತ್ತ ಬಂದೆ. ಕೊನೆಗೆ ನಾಲ್ಕು ಬಟ್ಟಲು ಉಳಿದವು. ಸಾಮೆ, ನವಣೆ, ಹಾರಕ, ಬರಗು, ಹೆಸರುಗಳೂ ನಾಲ್ಕೇ ಇದ್ದವು. ಯಾವ ಹೆಸರು ಯಾವ ಬಟ್ಟಲಿಗೆ ಎನ್ನುವುದಷ್ಟೇ ತೊಂದರೆ. ಎಲ್ಲ ಸಣ್ಣವು, ಎಲ್ಲ ದುಂಡಗಿನವು. ಮಂಜುಳಾ ನೋಟ್ ಬುಕ್ಕು ತೆರೆದು, ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದಳು. ವರ್ಷದಲ್ಲಿ ಮೊದಲ ಸಲ ಅವಳು ಹಾಗೆ ನೋಡಿದ್ದು. ನಾನು ಹಳದಿಯದನ್ನು ತೋರಿಸಿ ಸಾಮೆ ಎಂದೆ, ಬೂದು ಬಣ್ಣದ್ದನ್ನು ನವಣೆ ಎಂದೆ, ಉಳಿದ ಎರಡಕ್ಕೆ ಉಳಿದ ಎರಡು ಹೆಸರು ಹಂಚಿದೆ. ಒಮ್ಮೆ ಹೇಳಿದ ಮೇಲೆ ನನಗೇ ನಂಬಿಕೆ ಬಂದುಬಿಟ್ಟಿತು. ಅದೇ ಉತ್ಸಾಹದಲ್ಲಿ ಬೇಸಾಯದ ಸಲಕರಣೆಗಳಿಗೂ ಕೈ ಹಾಕಿ, ಕುಂಟೆಯ ಚಿತ್ರ ಬರೆದು ಹಲುಬೆ ಎಂದೆ, ಹಲುಬೆಯ ಚಿತ್ರ ಬರೆದು ಕುಂಟೆ ಎಂದೆ. ಅವಳು ಶ್ರದ್ಧೆಯ ಹುಡುಗಿ. ನಾಲ್ಕು ದಿನ ಹೇಳಿದ್ದನ್ನು ಹೇಳಿದ ಹಾಗೇ ಕಲಿತಳು, ನಾನು ಯಾವ ಬಟ್ಟಲು ಮುಟ್ಟಿದರೂ ತಡವರಿಸದೆ ತಪ್ಪು ಉತ್ತರ ಕೊಡುವಷ್ಟು ಪಕ್ಕಾ ಆದಳು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅಮ್ಮ ಬಂದಳು. ಮೊಮ್ಮಗಳಿಗೆ ಒಳ್ಳೆಯದಾಗಲಿ ಎಂದು ಹರಸಿ ಸಂಜೆ ವಾಪಸು ಹೋಗುವುದು ಅವಳ ಲೆಕ್ಕ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಎಲೆ ಅಡಿಕೆ ಹಾಕಿಕೊಂಡು ನಮ್ಮ ಪಾಠ ಕೇಳುತ್ತಿದ್ದಳು. ಮಂಜುಳಾ ಹಳದಿ ಕಾಳು ತೋರಿಸಿ ಸಾಮೆ ಎಂದಳು. ಅಮ್ಮ ಅಗಿಯುವುದನ್ನು ನಿಲ್ಲಿಸಿದಳು.

"ಇದನ್ನ ಸಾಮೆ ಅಂತ ಹೇಳ್ದೋನು ಯಾವನವ್ವ?"

"ಅಪ್ಪ" ಎಂದಳು ಮಂಜುಳಾ.

"ಅವನಿಗೇನ್ ಗೊತ್ತು. ಅವನು ಕಣ್ ಬಿಡೋ ಹೊತ್ಗೆ ನಾವು ಇವನ್ನೆಲ್ಲ ಬಿಟ್ಟು ಸೊಪ್ಪಿಗೆ ಬಂದಿದ್ವಿ. ಇದು ನವಣೆ ಕಣಮ್ಮಣ್ಣಿ."

ಅಮ್ಮ ನನ್ನನ್ನು ಬಯ್ಯಲು ಹೇಳಿದ್ದಲ್ಲ, ನನ್ನ ಪರವಾಗಿಯೇ ಹೇಳಿದ್ದು. ಆದರೆ ಮಂಜುಳಾ ನೋಟ್ ಬುಕ್ಕಿನ ಪುಟ ನೋಡಿದಳು, ಬಟ್ಟಲುಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು. "ಗೊತ್ತಿಲ್ಲ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ ಅಪ್ಪಾ? ನಂಗಿರೋದು ಇದೊಂದೇ" ಎಂದಳು. ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಜೋರು ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ನಾನು ಬಾದಾಮಿ ತರುತ್ತೇನೆ ಎಂದು ಒಳಗೆ ಹೋದೆ. ಅಡುಗೆಮನೆಯಲ್ಲಿ ಲಕ್ಷ್ಮಿ ಬಾದಾಮಿಯ ಬಟ್ಟಲನ್ನು ನನ್ನ ಕಡೆ ಸರಿಸಿದಳು.

ಆ ದಿನ ಪೂರ್ತಿ ಅಮ್ಮನ ತರಗತಿ. ಅವಳು ನೋಟ್ ಬುಕ್ಕು ಮುಚ್ಚಿಸಿದಳು. ಕಣ್ಣು ಮುಚ್ಚು ಎಂದು ಹೇಳಿ ಅಂಗೈಗೆ ಒಂದೊಂದು ಚಿಟಿಕೆ ಹಾಕಿದಳು. ಉಜ್ಜು ಎಂದಳು, ಬಾಯಿಗೆ ಹಾಕಿ ಕಡಿ ಎಂದಳು. ಸಾಮೆ ಹೇಗೆ ಜಾರುತ್ತದೆ, ಹಾರಕದ ಸಿಪ್ಪೆ ಎಷ್ಟು ಗಟ್ಟಿ, ಬರಗು ಹೇಗೆ ಹೊಳೆಯುತ್ತದೆ ಎಂದು ತೋರಿಸಿದಳು. ಈಗ ನಾಲ್ಕು ಮಹಡಿ ಮನೆ ಎದ್ದಿರುವ ಜಾಗದಲ್ಲಿ ತಾನು ನವಣೆ ಕೊಯ್ಯುವಾಗ ಹಾವು ಕಂಡದ್ದು, ಕೆರೆಯ ಅಂಚಿನ ಹೊಲದಲ್ಲಿ ಕುಂಟೆ ಹೊಡೆಯುವಾಗ ಎತ್ತು ಹೂತುಕೊಂಡದ್ದು ಎಲ್ಲವೂ ನಡುನಡುವೆ ಬಂತು. ಕುಂಟೆಗೆ ಅಲಗು, ಹಲುಬೆಗೆ ಹಲ್ಲು ಎಂದು ಬೆರಳುಗಳನ್ನು ಹರಡಿ ತೋರಿಸಿದಳು. ಮಂಜುಳಾ ಮೊದಲು ಮೂಗು ಒರೆಸಿಕೊಳ್ಳುತ್ತ ಕಲಿತಳು, ಮಧ್ಯಾಹ್ನದ ಹೊತ್ತಿಗೆ ನಗುತ್ತ ಕಲಿತಳು. ನಾನು ಬಾಗಿಲ ಹಿಂದೆ ನಿಂತು, ಕೈಯಲ್ಲಿ ನಾಲ್ಕು ಕಾಳು ಹಿಡಿದು ಕಣ್ಣು ಮುಚ್ಚಿ ಪ್ರಯತ್ನಿಸಿದೆ. ನಾಲ್ಕೂ ನನಗೆ ರಾಗಿ ಎಂದೇ ತೋರಿದವು. ಅವತ್ತು ಸಂಜೆ ಅಮ್ಮ ಹೋಗಲಿಲ್ಲ.

ಮಾರನೇ ದಿನ ಪರೀಕ್ಷೆ ಮುಗಿಸಿ ಹೊರಗೆ ಬಂದ ಮಂಜುಳಾಳ ಮುಖದಲ್ಲೇ ಗೊತ್ತಾಯಿತು. ಹಾರಕವನ್ನು ಅಂಗೈಯಲ್ಲಿ ಉಜ್ಜಿ ಹೇಳಿದಳಂತೆ. ಪರೀಕ್ಷಕರಿಗೆ ಆಶ್ಚರ್ಯವಾಗಿ, ಹೀಗೆ ಯಾರು ಹೇಳಿಕೊಟ್ಟರು ಎಂದರಂತೆ. ಅಜ್ಜಿ ಎಂದಳಂತೆ. ನನ್ನ ವಿಷಯ ಏನಾದರೂ ಬಂತಾ ಎಂದು ಸುಮ್ಮನೆ ವಿಚಾರಿಸಿದೆ. "ಸ್ಕೂಟರಲ್ಲಿ ಕರ್ಕೊಂಡ್ ಬಂದಿದ್ದು ಯಾರು ಅಂತ ಅವ್ರು ಕೇಳ್ಲಿಲ್ಲ ಅಪ್ಪಾ" ಎಂದಳು. ಅಷ್ಟು ಹೇಳಿ ಸ್ಕೂಟರಿನ ಹಿಂದೆ ಕೂತು ನನ್ನ ಹೆಗಲ ಮೇಲೆ ಕೈ ಇಟ್ಟಳು, ಮನೆ ಬರುವ ತನಕ ತೆಗೆಯಲಿಲ್ಲ. ರೈಲ್ವೆ ಗೇಟು ಹಾಕಿದ್ದರೂ ಅವತ್ತು ನನಗೆ ಬೇಸರವಾಗಲಿಲ್ಲ.

ಸೀಟು ಸಿಕ್ಕಿತು. ಸೇರುವ ದಿನ ಕಾಲೇಜಿನ ಕಚೇರಿಯಲ್ಲಿ ಅವಳು ಫಾರಂ ತುಂಬುತ್ತಿದ್ದಳು. ತಂದೆಯ ವೃತ್ತಿ ಎಂಬಲ್ಲಿ ಪೆನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿ, ಬೇಸಾಯ ಎಂದು ಬರೆದಳು. ನನಗೆ ಎದೆ ತುಂಬಿ ಬಂತು. ಇಷ್ಟೆಲ್ಲ ಆದ ಮೇಲೂ ಹಾಗೆ ಬರೆದೆಯಲ್ಲಮ್ಮ ಎಂದೆ. ಅಜ್ಜಿಯ ವೃತ್ತಿ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಪ್ಪಾ, ಅದಕ್ಕೆ ನಿನ್ನ ಜಾಗದಲ್ಲಿ ಬರ್ದೆ ಎಂದಳು. ಆಮೇಲೆ ಸಹಿ ಮಾಡಲು ಫಾರಂ ನನ್ನ ಕಡೆ ತಿರುಗಿಸಿದಳು. ನಾನು ಅದೇ ಗುಂಗಿನಲ್ಲಿ, ಪೂರ್ತಿ ಹೆಸರಿನ ಸಹಿಯನ್ನು ಚೆನ್ನಾಗಿ, ನಿಧಾನವಾಗಿ ಹಾಕಿ ಗುಮಾಸ್ತರಿಗೆ ಕೊಟ್ಟೆ. ಅವರು ಫಾರಮನ್ನು ನೋಡಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಸಹಿ ಹಾಕಿದ್ದು ವಿದ್ಯಾರ್ಥಿಯ ಜಾಗದಲ್ಲಿ.

"ಕಾಲೇಜಿಗೆ ಸೇರ್ತಿರೋದು ಯಾರ್ರೀ?" ಎಂದರು.

ಮಂಜುಳಾ, "ನಾನು ಸಾರ್. ಅವ್ರು ಜೊತೆಗೆ ಬಂದಿದ್ದಾರೆ" ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಗುಮಾಸ್ತರು ಹೊಸ ಫಾರಂ ಒಂದನ್ನು ತೆಗೆದು ಮುಂದಿಟ್ಟರು. ನಾನು ಪೆನ್ನಿಗೆ ಕೈ ಚಾಚಿದೆ. ಅವರು ಅದನ್ನು ನನ್ನ ಕೈ ದಾಟಿಸಿ ಅವಳಿಗೆ ಕೊಟ್ಟರು.