ಹಾರಲು ಬಂದು ತೊಗರಿ ತೂರಿದ ಎಂಜಿನ್ ಸಾಹೇಬರಿಗೆ

ಗೆ,
ಶ್ರೀಮಾನ್ ಇಪ್ಪತ್ತು ಸಿಸಿ ಪೆಟ್ರೋಲ್ ಎಂಜಿನ್ ಸಾಹೇಬರು,
ಕಾಯಂ ವಿಳಾಸ: ನನ್ನ ರಿಮೋಟ್ ವಿಮಾನದ ಮೂತಿ, ಮಾನ್ವಿ.
ಹಾಲಿ ಮುಕ್ಕಾಂ: ನನ್ನ ತವರುಮನೆಯ ಕಣ, ನೀರಮಾನ್ವಿ.

ಮಾನ್ಯರೇ,

ತಮ್ಮ ಪ್ಲಗ್ಗು, ಪಿಸ್ಟನ್ನು, ಕಾರ್ಬೊರೇಟರು ಸಮೇತ ತಾವು ಅತ್ಯಂತ ಸುಖವಾಗಿದ್ದೀರೆಂದೂ ತಮ್ಮನ್ನು ಹೊಗಳದ ಬಾಯಿ ಈ ಭಾಗದಲ್ಲಿ ಇಲ್ಲವೆಂದೂ ಕವಿತಾಳದಿಂದ ಬಂದವರು ಹೇಳಿದರು, ಕೇಳಿ ಪರಮಾನಂದವಾಯಿತು. ಇತ್ತ ಕಡೆ ನಾನು, ಅಂದರೆ ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ಶಶಿಕಲಾ, ಮತ್ತು ಆರು ಅಡಿ ರೆಕ್ಕೆ ಚಾಚಿಕೊಂಡು ನಮ್ಮ ಮಲಗುವ ಕೋಣೆಯ ಅರ್ಧ ಜಾಗ ನುಂಗಿರುವ ನನ್ನ ವಿಮಾನ, ಇಬ್ಬರೂ ಇದ್ದೇವೆ ಅಂದರೆ ಇದ್ದೇವೆ. ಅದಕ್ಕೆ ಮೂತಿ ಇಲ್ಲ, ನನಗೆ ಊರೊಳಗೆ ತೋರಿಸಲು ಮುಖ ಇಲ್ಲ. ಇದಕ್ಕೆ ಕಾರಣ ತಾವೇ ಎಂದು ವಿನಯದಿಂದ ತಮ್ಮ ಗಮನಕ್ಕೆ ತರುವುದೇ ಈ ಬಹಿರಂಗ ಪತ್ರದ ಉದ್ದೇಶ.

ತಮ್ಮನ್ನು ನಾನು ಆರಿಸಿದ ಬಗೆಯನ್ನು ತಾವು ಮರೆತಿರುವಂತೆ ಕಾಣುವುದರಿಂದ ಸ್ವಲ್ಪ ನೆನಪಿಸುತ್ತೇನೆ, ಬೇಸರ ಮಾಡಿಕೊಳ್ಳಬಾರದು. ಮೊದಲು ಬ್ಯಾಟರಿ ಮೋಟಾರಿನವರು ಬಂದಿದ್ದರು; ಸದ್ದಿಲ್ಲದ ಸಜ್ಜನರು, ಆದರೆ ಐದು ಕಿಲೋ ತೂಕದ ವಿಮಾನ ಎತ್ತುವ ಬ್ಯಾಟರಿಯನ್ನು ಚಾರ್ಜಿಗೆ ಇಟ್ಟಾಗಲೆಲ್ಲ ನಮ್ಮ ಓಣಿಯ ಕರೆಂಟು ಹೋಗಿ, ಅದು ಬರುವುದರೊಳಗೆ ನನ್ನ ಉತ್ಸಾಹವೂ ಹೋಗುತ್ತಿತ್ತು. ಆಮೇಲೆ ಮೆಥನಾಲ್ ಕುಡಿಯುವ ಎಂಜಿನ್ನಿನವರ ಜಾತಕ ಬಂತು. ಅವರ ಪಾನೀಯ ಹೈದರಾಬಾದಿನಿಂದಲೇ ಬರಬೇಕು, ಅದನ್ನು ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ, ಮತ್ತು ಮೇಷ್ಟ್ರಮ್ಮನ ಮನೆಗೆ ಇಂಥ ಬಾಟಲಿ ಬರುತ್ತದೆ ಎಂದು ಒಮ್ಮೆ ಸುದ್ದಿಯಾದರೆ ಮುಗಿಯಿತು. ಹೀಗಾಗಿ ಪೆಟ್ರೋಲಿನವರೇ ಸರಿ ಎಂದಾಯಿತು, ಬಂಕು ಬಸ್‌ಸ್ಟ್ಯಾಂಡಿನ ಹತ್ತಿರವೇ ಇದೆ, ಅದಕ್ಕೆ ಬೆರೆಸುವ ಟೂ-ಸ್ಟ್ರೋಕ್ ಎಣ್ಣೆಯೂ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ.

ಪೆಟ್ರೋಲ್ ಎಂದಮೇಲೆ ಯಾವ ಪೆಟ್ರೋಲ್ ಎಂಬ ಪ್ರಶ್ನೆ ಎದ್ದಿತು. ರಾಯಚೂರಿನಲ್ಲಿ ಸೈಲೆನ್ಸರ್ ಅಂಗಡಿ ಇಟ್ಟಿರುವ, ರಜಾದಿನ ತನ್ನ ವಿಮಾನ ಹಾರಿಸುತ್ತ ನನಗೂ ಹಾರಿಸಲು ಕಲಿಸಿದ ಖಾಜಾ, "ಮೇಡಂ, ಮೂವತ್ತೈದು ಸಿಸಿ ತಗೋರಿ. ಸಣ್ಣದು ತಗೊಂಡು ಅಳೋದಕ್ಕಿಂತ ದೊಡ್ಡದು ತಗೊಂಡು ನಗೋದು ಚಲೋ" ಎಂದ. ಅಷ್ಟು ಭಾರದವರನ್ನು ಮೂತಿಗೆ ಕಟ್ಟಿದರೆ ನನ್ನ ವಿಮಾನ ಮೂಗು ಕೆಳಗೆ ಮಾಡಿ ನೆಲದ ವಾಸನೆ ನೋಡುತ್ತ ಕೂಡುತ್ತದೆ ಎಂಬ ಗಣಿತ ಅವನಿಗೆ ರುಚಿಸಲಿಲ್ಲ. ನನ್ನ ಗಂಡ ಅಮರೇಶ ಅವರದು ಬೇರೆಯೇ ಲೆಕ್ಕ. "ಬೆಳಿಗೆ ಹುಳದ ಎಣ್ಣಿ ಹೊಡಿಯೋ ಮಷೀನಿನ ಎಂಜಿನ್ ಬಿಚ್ಚಿ ಕಟ್ಟು, ವಿಮಾನ ಬಿದ್ರೂ ಎಂಜಿನ್ ಹೊಲಕ್ಕ ಬರ್ತದ" ಎಂದು ಅವರು ಊಟಕ್ಕೆ ಕುಂತಾಗೊಮ್ಮೆ, ಎದ್ದಾಗೊಮ್ಮೆ ಹೇಳಿದರು.

ಮಾನ್ಯರೇ, ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ನಮ್ಮ ವಂಶದಲ್ಲಿ ಹೊಲಕ್ಕೆ ಬಾರದ ವಸ್ತು ಮನೆಯೊಳಗೆ ಕಾಲಿಟ್ಟದ್ದೇ ಇಲ್ಲ. ನಮ್ಮ ಅಜ್ಜ ದುಡಿಯಲಿಕ್ಕೆ ಬಂದ, ಅವ್ವ ದುಡಿಯಲಿಕ್ಕೆ ಬಂದಳು, ನಾನು ಓದಿದ್ದೂ ನೌಕರಿಗೆ ಬರಲಿ ಎಂದೇ; ಮನೆಯ ನಾಯಿ ಕೂಡ ರಾಶಿ ಕಾಯಲಿಕ್ಕೆ ಬರುತ್ತದೆ ಎಂಬ ಷರತ್ತಿನ ಮೇಲೆಯೇ ರೊಟ್ಟಿ ತಿನ್ನುತ್ತಿತ್ತು. ಒಂದೇ ಒಂದು ಸಾಮಾನು, ಬರೀ ಒಂದು, ಯಾತಕ್ಕೂ ಬಾರದೆ, ಬರೀ ಖುಷಿಗೆ ನನ್ನದಾಗಿರಲಿ ಎಂದು ನನಗೆ ಬಹಳ ಆಸೆಯಾಗಿತ್ತು. ಅಂಥ ಹೊತ್ತಿನಲ್ಲಿ ತಮ್ಮ ಕಂಪನಿಯ ಕೈಪಿಡಿ ಕಣ್ಣಿಗೆ ಬಿತ್ತು: "ಈ ಎಂಜಿನ್ ಮಾದರಿ ವಿಮಾನಗಳಿಗೆ ಮಾತ್ರ, ಬೇರೆ ಯಾವ ಕೆಲಸಕ್ಕೂ ಬಳಸತಕ್ಕದ್ದಲ್ಲ" ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆ ಸಾಲು ಓದಿ ನಾನು ತಮಗೆ ಮನಸೋತೆ. ತೂಕ, ಶಕ್ತಿ, ಮೂತಿಗೆ ತಿರುಗುವ ಪಂಖದ ಅಳತೆ ಎಲ್ಲ ನೋಡಿದ್ದು ಆಮೇಲೆ.

ಹಾಗೆ ನಂಬಿ ಕರೆತಂದವಳಿಗೆ ತಾವು ಮಾಡಿದ್ದೇನು?

ಹೊಸ ಎಂಜಿನ್ನನ್ನು ಮೊದಲು ನೆಲದ ಮೇಲೆ ಕಟ್ಟಿ, ಟ್ಯಾಂಕಿನ ಮೇಲೆ ಟ್ಯಾಂಕು ಪೆಟ್ರೋಲ್ ಕುಡಿಸಿ, ಸಣ್ಣ ವೇಗದಲ್ಲಿ ಓಡಿಸಿ ಪಳಗಿಸಬೇಕು, ಆಮೇಲೆಯೇ ಆಕಾಶ ಎಂದು ಅದೇ ಕೈಪಿಡಿ ಹೇಳಿತ್ತು. ಮಾನ್ವಿಯ ಬಾಡಿಗೆ ಮನೆಯ ಮಾಳಿಗೆಯ ಮೇಲೆ ತಾವು ಒಮ್ಮೆ ಬಾಯಿ ತೆರೆದದ್ದಕ್ಕೇ ಮನೆಯ ಮಾಲೀಕರು ಖಾಲಿ ಮಾಡುವ ಮಾತು ತೆಗೆದರು. ಆದ್ದರಿಂದ ಹಳೆಯ ಬೆಂಚಿಗೆ ತಮ್ಮನ್ನು ಬೋಲ್ಟ್ ಹಾಕಿ, ಪಂಖ ಯಾರ ಕೈಗೂ ತಾಗದಿರಲೆಂದು ಕೆಟ್ಟ ಫ್ಯಾನಿನ ಜಾಲರಿ ಮುಚ್ಚಿ, ಊರ ಹೊರಗೆ ಯಾರ ಉಪದ್ರವವೂ ಇಲ್ಲದ ಜಾಗವೆಂದು ನೀರಮಾನ್ವಿಯಲ್ಲಿ ನನ್ನ ಅವ್ವ ಬಸ್ಸಮ್ಮನ ಕಣಕ್ಕೆ ತಂದೆ.

ಅಂದು ಕಣದಲ್ಲಿ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಬಡಿದ ತೊಗರಿಯನ್ನು ಹೊಟ್ಟಿನ ಸಮೇತ ಗುಡ್ಡೆ ಹಾಕಿಕೊಂಡು, ತೂರಲಿಕ್ಕೆ ಗಾಳಿ ಯಾವಾಗ ಬರುತ್ತದೋ ಎಂದು ಅವ್ವ ಮತ್ತು ಆಕೆಯ ಗೆಳತಿ ಯಂಕಮ್ಮ ಮುಂಜಾನೆಯಿಂದ ಮೊರ ಮಡಿಲಲ್ಲಿಟ್ಟುಕೊಂಡು ಕುಂತಿದ್ದರು. ಒಂದೆಕರೆಯವರ ಕಣಕ್ಕೆ ರಾಶಿ ಮಷೀನಿನವರು ಬರುವುದಿಲ್ಲ, ಬಂದರೂ ದೊಡ್ಡವರದೆಲ್ಲ ಮುಗಿದಮೇಲೆ. ನಾನು ತಮ್ಮನ್ನು ಶುರು ಮಾಡಿದೆ. ತಾವು ಕೆಮ್ಮಿದಿರಿ, ಗುಡುಗಿದಿರಿ, ಆಮೇಲೆ ತಮ್ಮ ಹಿಂದೆ ಒಂದು ಗಾಳಿ ಎದ್ದಿತು ನೋಡಿ, ಯಂಕಮ್ಮನ ಸೆರಗು ಹಾರಿ ಮುಖಕ್ಕೆ ಬಡಿಯಿತು. ಆಕೆ "ಯವ್ವಾ, ಗಾಳಿ ಬಂತು!" ಎಂದು ಕೂಗಿದಳೋ ಇಲ್ಲವೋ, ನನ್ನವ್ವ ಎದ್ದು, ಮೊರ ತುಂಬಿ, ತಮ್ಮ ಬೆನ್ನ ಹಿಂದೆ ನಿಂತು, ಕೈ ಎತ್ತಿ ತೂರಿಯೇ ಬಿಟ್ಟಳು. ಹೊಟ್ಟು ಅತ್ತ, ಕಾಳು ಇತ್ತ. ನಾನು "ಬ್ಯಾಡಬೇ, ಅದು ವಿಮಾನದ್ದು" ಎಂದು ಬಾಯಿ ಬಡಿದುಕೊಂಡದ್ದು ತಮ್ಮ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ತಾವಾದರೂ ನಾಚಿಕೆಯಿಂದ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಗುಡ್ಡೆ ಮುಗಿಯುವವರೆಗೂ ಒಂದೇ ಸಮನೆ ಓಡಿದಿರಿ.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೊದಲ ರಾಶಿಯ ಬೇಳೆಗೆ ತಮ್ಮ ಹೊಗೆಯ ಘಮ ಹತ್ತಿ, ಆ ಸಾರು ಉಂಡ ನನ್ನ ಗಂಡ ಬೀಡಿ ಸೇದುವವರ ಹತ್ತಿರ ನಿಲ್ಲಲು ಹೆದರುತ್ತಿದ್ದರು. ಆ ದೋಷವನ್ನು ಖಾಜಾ ತಿದ್ದಿದ. ನನ್ನ ಕಡೆಯವನೆಂದು ನಾನು ನಂಬಿದ್ದ ಆ ಮಹಾನುಭಾವ ರಾಯಚೂರಿನಿಂದ ಉದ್ದನೆಯ ಕೊಳವೆ ತಂದು ತಮ್ಮ ಹೊಗೆಯನ್ನು ಬೇಲಿಯಾಚೆ ಬಿಟ್ಟು, ಪ್ರತಿಫಲವಾಗಿ ಅವ್ವನಿಂದ ಚೀಲ ತೊಗರಿ ಪಡೆದು ಹೋದ. ಧೂಳು ಒಳಗೆ ಹೋಗದಿರಲೆಂದು ಅವ್ವ ತಮ್ಮ ಕಾರ್ಬೊರೇಟರಿಗೆ ತನ್ನ ಹಳೆಯ ಸೀರೆಯ ತುಂಡು ಕಟ್ಟಿದಳು. ನನ್ನ ಕೈಯಲ್ಲಿ ಬೆವರಿಳಿಸುವ ತಾವು, ಆಕೆ ಬೇವಿನ ಕೋಲಿನಿಂದ ಪಂಖವನ್ನು ಒಮ್ಮೆ ತಟ್ಟಿದರೆ ಸಾಕು, ಕರೆದ ಕರುವಿನ ಹಾಗೆ ಓಗೊಡುತ್ತೀರಿ. ಇದು ನನಗೆ ಎಷ್ಟು ಉರಿಯುತ್ತದೆಂದು ತಮಗೆ ಗೊತ್ತಿರಲಿ.

ಆಮೇಲೆ ತಮ್ಮ ಸವಾರಿ ಶುರುವಾಯಿತು. ನೀರಮಾನ್ವಿಯ ಕಣಗಳಾದವು, ಕವಿತಾಳದ ಬೀಗರ ಕಣವಾಯಿತು. ಟ್ಯಾಂಕು ಬರಿದು ಮಾಡಿ, ಚೀಲದಲ್ಲಿ ಸುತ್ತಿ, ತೊಡೆಯ ಮೇಲೆ ಕೂಡಿಸಿಕೊಂಡು ಅವ್ವ ತಮ್ಮನ್ನು ಬಸ್ಸಿನಲ್ಲಿ ಕರೆದೊಯ್ದಾಗ ಕಂಡಕ್ಟರು, "ಯವ್ವಾ, ನಿನಗ ಫ್ರೀ ಅದ, ಈ ಎಂಜಿನ್‌ಗ ಲಗೇಜ್ ಟಿಕೇಟ್ ಆಗ್ತದ" ಎಂದನಂತೆ. ಅವ್ವ, "ಇದು ನನ್ನ ಮಗಳ ಮನಿಯಿಂದ ಬಂದದ್ದಪ್ಪಾ, ಹೆಣ್ಣ ಅದ, ಇದಕ್ಕೂ ಫ್ರೀ" ಎಂದಳಂತೆ. ಇಡೀ ಬಸ್ಸು ನಕ್ಕಿತು, ಕಂಡಕ್ಟರೂ ನಕ್ಕ, ತಾವು ಟಿಕೇಟಿಲ್ಲದೆ ಕವಿತಾಳ ಸೇರಿದಿರಿ. ಈಗ ದೇವದುರ್ಗದ ಕಡೆಯ ಗಬ್ಬೂರಿನಿಂದ ಹಂಪಣ್ಣ ಎಂಬ ನಮ್ಮ ದೂರದ ಸಂಬಂಧಿ ಕಡಲೆ ರಾಶಿಗೆ ತಮ್ಮ ದಿನ ಕೇಳಿಕೊಂಡು ಹೋಗಿದ್ದಾರೆ. ನನ್ನ ವಿಮಾನಕ್ಕೆ ದಿನ ಕೊಡುವವರು ಮಾತ್ರ ಯಾರೂ ಇಲ್ಲ. ಮಕ್ಕಳು ಶಾಲೆಯಲ್ಲಿ "ಟೀಚರ್, ನಿಮ್ಮ ವಿಮಾನ ಯಾವಾಗ ಹಾರ್ತದ?" ಎಂದು ಕೇಳಿದಾಗ ನಾನು ಬೋರ್ಡಿನ ಕಡೆ ತಿರುಗಿ ತ್ರಿಕೋನ ಬರೆಯುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದೆ ಎಲ್ಲಿಯಾದರೂ ಮೊರ ಕಂಡರೆ ತಾವು ದಯಮಾಡಿ ನೆಗಡಿ ಬರಿಸಿಕೊಳ್ಳಬೇಕು. ಕಣಕ್ಕೂ ವಿಮಾನ ಹಾರಿಸುವ ಕೆರೆಯಂಗಳಕ್ಕೂ ಇರುವ ವ್ಯತ್ಯಾಸವನ್ನು ವಾಸನೆಯಿಂದಲೇ ಕಂಡುಹಿಡಿಯಲು ಕಲಿಯಬೇಕು. ತಮ್ಮ ಕೈಪಿಡಿಯ ಆ ದಪ್ಪ ಅಕ್ಷರದ ಸಾಲನ್ನು, ಓದು ಬಾರದ ನನ್ನವ್ವನ ಎದುರು ತಾವೇ ಸ್ವತಃ ಗಟ್ಟಿಯಾಗಿ ಓದಿ ಹೇಳಬೇಕು, ಏಕೆಂದರೆ ನಾನು ಓದಿ ಹೇಳಿದಾಗ ಆಕೆ, "ಬರದವ ಒಮ್ಮಿ ಕಣಕ್ಕ ಬರ್ಲಿ, ಆಮ್ಯಾಲ ಮಾತಾಡ್ಲಿ" ಎಂದುಬಿಟ್ಟಳು. ಇಷ್ಟು ಮಾಡಲಾಗದಿದ್ದರೆ, ಕಡೇಪಕ್ಷ ಒಂದು ಸಲ, ಒಂದೇ ಸಲ, ನನ್ನ ವಿಮಾನದ ಮೂತಿಗೆ ಕುಂತು ಮೇಲೆ ಹೋಗಿ ಬರಬೇಕೆಂದು ಕೈಮುಗಿದು ಕೇಳುತ್ತೇನೆ.

ಇಷ್ಟು ಬರೆದು ಮಡಚಿಡುವಷ್ಟರಲ್ಲಿ ಭಾನುವಾರ ಬಂತು, ಪತ್ರವನ್ನು ಮತ್ತೆ ಬಿಚ್ಚಬೇಕಾಯಿತು.

ಅಂದು ಬರುತ್ತೇನೆಂದು ಮೊದಲೇ ಹೇಳಿ ಕಳಿಸಿ, ಜಗಳಕ್ಕೆ ಸಿದ್ಧಳಾಗಿಯೇ ನಾನು ವಿಮಾನವನ್ನು ಆಟೋದಲ್ಲಿ ಅಡ್ಡ ಮಲಗಿಸಿಕೊಂಡು, ಅಮರೇಶ ಅವರನ್ನೂ ಕರೆದುಕೊಂಡು ನೀರಮಾನ್ವಿಗೆ ಬಂದೆ. ಬಂದು ನೋಡಿದರೆ ಹಂಪಣ್ಣ ನನಗಿಂತ ಮುಂಚೆ ಬಂದು ಕಟ್ಟೆಯ ಮೇಲೆ ಕುಂತಿದ್ದಾರೆ, ತಮ್ಮನ್ನು ಒಯ್ಯಲಿಕ್ಕೆ. ನಾನು ಬಾಯಿ ತೆರೆಯುವುದರೊಳಗೆ ಅವ್ವ ತಮ್ಮನ್ನು ಹೊರಗೆ ತಂದಳು. ಮೈಯೆಲ್ಲ ಒರೆಸಿ, ಸಂದುಗೊಂದಿನ ಹೊಟ್ಟು ತೆಗೆದು, ತಮ್ಮನ್ನು ಪೆಟ್ಟಿಗೆಯಿಂದ ತೆಗೆದ ದಿನಕ್ಕಿಂತ ಹೊಳೆಸಿದ್ದಳು. "ಹಂಪಣ್ಣಾ, ಇವತ್ತ ಕೊಡಂಗಿಲ್ಲ. ಇವತ್ತ ಇದಕ್ಕ ಸೂಟಿ" ಎಂದು ತಮ್ಮನ್ನು ನನ್ನ ಕೈಗೆ ಕೊಟ್ಟಳು. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಅಲ್ಲಿಯೇ ಕಟ್ಟೆಯ ಮೇಲಿಟ್ಟು, ತಮ್ಮನ್ನು ವಿಮಾನದ ಮೂತಿಗೆ ಬೋಲ್ಟ್ ಹಾಕಿ ಕೂಡಿಸಿದೆ.

ಒಣಗಿದ ಕೆರೆಯಂಗಳದಲ್ಲಿ ತಾವು ಓಡಿದಿರಿ, ಬಾಲ ಎತ್ತಿದಿರಿ, ಚಕ್ರ ನೆಲ ಬಿಟ್ಟಿತು. ನಾನು ರಿಮೋಟ್ ಹಿಡಿದು ತಮ್ಮನ್ನು ಬೇವಿನ ಮರದ ಮೇಲಿಂದ ಒಂದು ಸುತ್ತು ತಂದೆ, ಎರಡನೇ ಸುತ್ತಿಗೆ ಪಲ್ಟಿ ಹೊಡೆಸಿದೆ, ಯಂಕಮ್ಮ ಎದೆಯ ಮೇಲೆ ಕೈಯಿಟ್ಟು "ಯಪ್ಪಾ, ಬೋರಲ ಬಿತ್ತು!" ಎಂದು ಚೀರಿದಳು. ಮಾನ್ಯರೇ, ಎಷ್ಟು ಚೆನ್ನಾಗಿ ಹಾರಿದಿರಿ! ಅಷ್ಟು ಸಂತೋಷ ನನಗೆ ನೌಕರಿಯ ಆರ್ಡರ್ ಬಂದ ದಿನವೂ ಆಗಿರಲಿಲ್ಲ. ಆಗ ನನ್ನ ಬೆನ್ನ ಹಿಂದೆ ಹಂಪಣ್ಣ, ಕಡಲೆಯ ಚಿಂತೆಯಲ್ಲಿದ್ದವರು, ಅವ್ವನನ್ನು ಕೇಳಿದರು: "ಯಕ್ಕಾ, ಮ್ಯಾಲ ಹೋಗಿ ಏನ್ ಮಾಡ್ತದ ಅದು? ಎಣ್ಣಿ ಹೊಡಿತದೇನು? ಫೋಟೋ ತಗೀತದೇನು?"

ಅವ್ವ ಹೇಳಿದಳು: "ಏನೂ ಮಾಡಂಗಿಲ್ಲಪ್ಪ. ನನ್ನ ಮಗಳು ಆಡಾಕತ್ತಾಳ. ಸಣ್ಣಾಕಿ ಇದ್ದಾಗ ನನ್ನ ಜೋಡಿ ಹೊಲದಾಗ ಕಳೆ ತಗಿಯಾಕ ಬರ್ತಿದ್ಲು, ಆಡಿಲ್ಲ. ಈಗ ಆಡ್ಲಿ ಬಿಡು."

ತಮ್ಮ ಸದ್ದಿನಲ್ಲಿ ತಮಗೆ ಇದು ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿಸಿತು, ಕಣ್ಣು ತುಂಬಿ ಆಕಾಶವೆಲ್ಲ ಕಲಸಿಹೋಯಿತು, ತಾವು ಎಲ್ಲಿದ್ದೀರೆಂದೇ ಕಾಣದೆ ಸದ್ದಿನ ಗುರುತಿನ ಮೇಲೆ ಇಳಿಸಿದೆ. ಇಳಿದದ್ದು ಸೊಟ್ಟಗೆ, ಚಕ್ರದ ಕಾಲು ಬಾಗಿತು, ಪಂಖ ಲಟಕ್ಕೆಂದು ಎರಡು ತುಂಡಾಯಿತು. "ಅಯ್ಯಯ್ಯೋ, ನಮ್ಮ ಕಡ್ಲಿ!" ಎಂದು ಹಂಪಣ್ಣ ತಲೆ ಮೇಲೆ ಕೈಹೊತ್ತು ಕುಂತರು. ಅವ್ವ ಅವರ ಕಡೆ ತಿರುಗಿಯೂ ನೋಡಲಿಲ್ಲ. "ಗಾಳಿ ದೇವರು ಕೊಡ್ತಾನ, ಅಲ್ಲೀತನಕ ಕಾಯ್ಕೋತ ಕೂಡು" ಎಂದು, ಸೆರಗು ಸಿಕ್ಕಿಸಿಕೊಂಡು, ಅರವತ್ತು ದಾಟಿದ ನನ್ನವ್ವ ವಿಮಾನ ಬಿದ್ದ ಕಡೆ ನನಗಿಂತ ಮುಂದೆ ಓಡಿದಳು.

ತಮ್ಮ ವಿಶ್ವಾಸಿ,
ಬಸ್ಸಮ್ಮನ ಮಗಳು ಶಶಿಕಲಾ

ತಾ.ಕ.: ದೂರು ಹಿಂತೆಗೆದುಕೊಂಡೆನೆಂದು ತಾವು ಬೀಗಬಾರದು. ಕಡಿಮೆ ಕುಡಿಯುವ, ಕಡಿಮೆ ಅರಚುವ ಫೋರ್-ಸ್ಟ್ರೋಕಿನ ಒಬ್ಬ ಗೃಹಸ್ಥರ ಫೋಟೋ ಈಗಾಗಲೇ ನನ್ನ ಮೊಬೈಲಿನಲ್ಲಿದೆ. ಅದನ್ನು ಅವ್ವನಿಗೂ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿ, "ಚಲೋ ಅದಬೇ, ಇದನ್ನ ಹಾರಸ್ಲಿಕ್ಕೆ ಇಟ್ಗೋ, ಆ ಹಳೇದನ್ನ ನನಗ ಬಿಡು" ಎಂದಳು. ಪಂಖ ಹೊಸದು ಬರುತ್ತಿದೆ, ಗಬ್ಬೂರಿನ ಬಸ್ಸು ಬೆಳಿಗ್ಗೆಯೇ ಇದೆ, ತಾವು ಮೈ ಒರೆಸಿಕೊಂಡು ಸಿದ್ಧರಾಗಿರಬೇಕಾಗಿ ವಿನಂತಿ.